ಅತ್ತಿ ಹಣ್ಣಿನೊಳಗಿನ ಹುಳ

ನಮ್ಮ ಹಿತ್ತಲಿನ ಬಾವಿಯ ಪಕ್ಕ ಒಂದು ಅತ್ತಿ ಮರವಿತ್ತು. ಅತ್ತಿ ಇದ್ದಲ್ಲಿ ನೀರು ಮೇಲೆಯೇ ಸಿಗುತ್ತದೆ ಅಂತ ಬಾವಿಯನ್ನು ಅಲ್ಲೇ ತೋಡಿಸಿದ್ದರಂತೆ. ಕಾಯಿ ಬಿಡುವುದು ಕಾಂಡಕ್ಕೇ ಅಂಟಿಕೊಂಡು, ಗೊಂಚಲು ಗೊಂಚಲಾಗಿ. ಹಾಗಾಗಿ ಮರ ಹತ್ತದೆಯೂ ನಮ್ಮ ಕೈಗೆ ಎಟಕುತ್ತಿತ್ತು. ಆಗಷ್ಟೇ ಬಣ್ಣ ತಿರುಗುತ್ತಿದ್ದ ದೋರೆಗಾಯೊಂದನ್ನು ಕಿತ್ತು ಉಗುರಿನಿಂದ ಸೀಳಿದರೆ ಒಳಗಿಂದ ಪುಟಾಣಿ ಹುಳಗಳು ಬುಳುಬುಳು ಹೊರಬರುತ್ತಿದ್ದವು. ಊರಿನ ಯಾರನ್ನಾದರೂ ಬೈಯುವಾಗ ಅಜ್ಜಿ ಈ ಹಣ್ಣನ್ನೇ ಎಳೆದು ತರುತ್ತಿದ್ದಳು: ‘ಮೇಲೆ ನೋಡಿದ್ರೆ ಅತ್ತಿ ಹಣ್ಣು, ಬಿಚ್ಚಿ ನೋಡಿದ್ರೆ ಹುಳ.’

ಹಣ್ಣು ಕೆಟ್ಟಿದೆ ಎಂದೇ ನಾನೂ ಬಹಳ ಕಾಲ ತಿಳಿದಿದ್ದೆ. ಕೆಟ್ಟಿರಲಿಲ್ಲ. ಆ ಹುಳ ಬಾರದಿದ್ದರೆ ಅತ್ತಿಗೆ ಬೀಜವೇ ಇಲ್ಲ.

ಅಸಲಿಗೆ ನಾವು ಅತ್ತಿಕಾಯಿ ಅನ್ನುವುದು ಕಾಯಿಯೇ ಅಲ್ಲ, ಹೂಗಳ ಗುಂಪು. ಸೂರ್ಯಕಾಂತಿಯ ತಟ್ಟೆಯನ್ನು ಅಂಚು ಹಿಡಿದು ಮೇಲಕ್ಕೆ ಮಡಚಿ, ಚೀಲದ ಬಾಯಿ ಕಟ್ಟಿದಂತೆ ಕಟ್ಟಿಬಿಟ್ಟರೆ ಹೇಗಿರುತ್ತದೋ ಹಾಗೆ. ಸಾವಿರಾರು ಪುಟ್ಟ ಹೂಗಳು ಒಳಮುಖವಾಗಿ, ಕತ್ತಲಲ್ಲಿ ಅರಳುತ್ತವೆ. ತುದಿಯಲ್ಲೊಂದು ಸಣ್ಣ ರಂಧ್ರ, ಅದಕ್ಕೂ ಒಂದರ ಮೇಲೊಂದು ಪೊರೆಗಳ ಮುಚ್ಚಳ. ಹೂ ತೋರಿಸದೆ ಹಣ್ಣು ಬಿಡುವ ಮರಕ್ಕೆ ಅಮರಕೋಶ ‘ವನಸ್ಪತಿ’ ಎಂಬ ಬೇರೆ ಹೆಸರನ್ನೇ ಕೊಟ್ಟಿದೆ. ಆಲ, ಅರಳಿ, ಬಸರಿ, ಗೋಣಿ, ಅಂಜೂರ ಎಲ್ಲವೂ ಇದೇ ಮನೆತನದವು. ಜಗತ್ತಿನಲ್ಲಿ ಇಂಥ 750ಕ್ಕೂ ಹೆಚ್ಚು ಪ್ರಭೇದಗಳಿವೆ.

ಜೇನುನೊಣ ನುಗ್ಗಲಾರದ ಈ ಡಬ್ಬಿಯೊಳಗೆ ಪರಾಗ ಮುಟ್ಟಿಸುವುದು ಕಣಜ. ಸೂರಿನಲ್ಲಿ ಗೂಡು ಕಟ್ಟಿ ಕುಟುಕುವ ಕಣಜವಲ್ಲ. ಇದು ಸಾಸಿವೆ ಕಾಳಿನಷ್ಟೇ, ಹೆಚ್ಚೆಂದರೆ ಎರಡು ಮಿಲಿಮೀಟರ್ ಉದ್ದ. ಒಳಗಿನ ಹೂ ಸಿದ್ಧವಾದಾಗ ಕಾಯಿ ಒಂದು ವಾಸನೆ ಬಿಡುತ್ತದೆ. ಅದರ ಜಾಡು ಹಿಡಿದು ಬರುವ ಹೆಣ್ಣು ಆ ರಂಧ್ರದಲ್ಲಿ ತೂರಿಕೊಳ್ಳುತ್ತದೆ. ದಾರಿ ಎಷ್ಟು ಇಕ್ಕಟ್ಟೆಂದರೆ ರೆಕ್ಕೆ ಅಲ್ಲೇ ಹರಿದುಹೋಗುತ್ತದೆ, ಎಷ್ಟೋ ಸಲ ಮೀಸೆಯೂ ಮುರಿಯುತ್ತದೆ. ಮತ್ತೆ ಹೊರಬರುವ ಮಾತಿಲ್ಲ. ಎದೆಯ ಬದಿಯ ಚೀಲಗಳಲ್ಲಿ ತಂದ ಪರಾಗವನ್ನು ಹೂಗಳಿಗೆ ಸವರುತ್ತ, ಮೊಟ್ಟೆ ಇಡುತ್ತ ಹೋಗಿ ಒಳಗೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂ ಮರಿಗೆ ತೊಟ್ಟಿಲು, ಮೊಟ್ಟೆ ಬೀಳದ ಹೂ ಮರಕ್ಕೆ ಬೀಜ. ಕೊಡುಕೊಳ್ಳುವಿಕೆಯ ಈ ಲೆಕ್ಕ ಕೋಟ್ಯಂತರ ವರ್ಷಗಳಿಂದ ನಡೆದುಬಂದಿದೆ.

ಕೆಲವು ವಾರ ಕಳೆದ ಮೇಲೆ ಮೊದಲು ಎಚ್ಚರವಾಗುವುದು ಗಂಡುಗಳಿಗೆ. ಅವಕ್ಕೆ ರೆಕ್ಕೆಯಿಲ್ಲ. ಹೆಣ್ಣುಗಳು ಇನ್ನೂ ತೊಟ್ಟಿಲಲ್ಲಿರುವಾಗಲೇ ಕೂಡಿ, ಬಳಿಕ ಎಲ್ಲ ಸೇರಿ ಕಾಯಿಯ ಗೋಡೆಗೆ ಸುರಂಗ ಕೊರೆದು ಸಾಯುತ್ತವೆ. ಆ ಸುರಂಗದಲ್ಲಿ ಹಾರಿಹೋಗುವುದು ಹೆಣ್ಣುಗಳು, ಆಗತಾನೆ ಅರಳಿದ ಗಂಡು ಹೂಗಳ ಪರಾಗ ತುಂಬಿಕೊಂಡು. ಬಾಗಿಲು ಮಾಡಿಕೊಟ್ಟವರಿಗೆ ಹೊರಗಿನ ಲೋಕ ದಕ್ಕುವುದೇ ಇಲ್ಲ.

ಎಲ್ಲ ಹುಳವೂ ಹೀಗೆ ಪ್ರಾಮಾಣಿಕವಲ್ಲ. ಇನ್ನೊಂದು ಜಾತಿಯ ಕಣಜ ಹೊರಗಿನಿಂದಲೇ ಕಾಯಿ ಕೊರೆದು, ಒಳಗಿರುವ ಮರಿಗಳ ಪಾಲಿಗೆ ಕಂಟಕವಾಗುವಂತೆ ತನ್ನ ಮೊಟ್ಟೆ ಇಳಿಸುತ್ತದೆ. ಕೂದಲಿಗಿಂತ ತೆಳುವಾದ ಕೊಳವೆಯಿಂದ ಗಟ್ಟಿಕಾಯಿ ಕೊರೆಯುವುದು ಹೇಗೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನೋಡಿದರು. ಕೊಳವೆಯ ತುದಿಯಲ್ಲಿ ಸತುವಿನ ಅಂಶ ಸಿಕ್ಕಿತು. 2014ರಲ್ಲಿ ಇದು ಪ್ರಕಟವಾಯಿತು. ಮುನ್ಸಿಪಾಲಿಟಿಯವರು ಬೋರ್‌ವೆಲ್ ಕೊರೆಸುವಾಗೆಲ್ಲ ನನಗೆ ಆ ಹುಳದ ನೆನಪಾಗುತ್ತದೆ.

ಕಣಜ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾದ ರೈತರು ಕೈಸುಟ್ಟುಕೊಂಡು ಕಲಿತರು. 1880ರ ದಶಕದಲ್ಲಿ ಅವರು ಟರ್ಕಿ ಕಡೆಯ ಸ್ಮಿರ್ನಾ ಅಂಜೂರ ತರಿಸಿ ನೆಟ್ಟರು. ಗಿಡ ಚೆನ್ನಾಗೇ ಬಂತು, ಕಾಯಿ ಮಾತ್ರ ಹಣ್ಣಾಗದೆ ಉದುರಿತು. ಮೋಸ ಹೋದೆವು ಅಂದುಕೊಂಡವರೂ ಇದ್ದರು. 1899ರಲ್ಲಿ ಅಂಜೂರದ ಕಣಜವನ್ನೂ ತಂದು ಬಿಟ್ಟ ಮೇಲೇ ಹಣ್ಣು ಕೈಗೆ ಬಂದದ್ದು.

ಈಗ ನನಗೆ ಮುಖ್ಯ ಅನ್ನಿಸುವ ಮಾತು. ಒಂದು ಮರದ ಕಾಯಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಮಾಗುತ್ತವೆ. ಹೊರಬಿದ್ದ ಹೆಣ್ಣಿನ ಆಯಸ್ಸು ಒಂದೆರಡು ದಿನ. ತನ್ನ ಮರದಲ್ಲಿ ಅದಕ್ಕೆ ಕೆಲಸವಿಲ್ಲ. ಹೂ ಸಿದ್ಧವಾಗಿರುವ ಬೇರೆ ಮರ ಹುಡುಕಲೇಬೇಕು. ಗಾಳಿ ಹೊತ್ತೊಯ್ಯುತ್ತದೆ. ನಮೀಬಿಯಾದ ಮರುಭೂಮಿಯಲ್ಲಿ ಇಂಥ ಕಣಜಗಳು 160 ಕಿಲೋಮೀಟರ್‌ವರೆಗೂ ಹೋದದ್ದು ದಾಖಲಾಗಿದೆ. ಆದರೆ ಅಲ್ಲೆಲ್ಲೋ ಒಂದು ಮರ ಕಾದಿರಬೇಕಲ್ಲ? ಅದಕ್ಕೇ ಒಂದು ಸೀಮೆಯ ಅತ್ತಿಗಳು ಒಂದೇ ಹಂಗಾಮಿಗೆ ಕಾಯಿ ಬಿಡುವುದಿಲ್ಲ. ಇಲ್ಲಿ ಈ ತಿಂಗಳು, ಅಲ್ಲಿ ಮುಂದಿನ ತಿಂಗಳು. ಕಣಜಕ್ಕಾಗಿ ಏರ್ಪಟ್ಟ ಈ ಸರದಿಯಿಂದ ಬದುಕುವುದು ಕಾಡಿನ ಅರ್ಧ ಸಂಸಾರ. ಉಳಿದ ಮರಗಳಲ್ಲಿ ಹಣ್ಣಿಲ್ಲದ ದಿನಗಳಲ್ಲಿ ದಾಂಡೇಲಿಯ ಮಂಗಟ್ಟೆ, ಘಟ್ಟದ ಸಿಂಗಳೀಕ, ಕುಟ್ರುಹಕ್ಕಿ, ಬಾವಲಿ ಎಲ್ಲವೂ ಆಲ, ಅತ್ತಿ, ಗೋಣಿಯ ಕಡೆಗೇ ಬರುತ್ತವೆ.

ರಸ್ತೆ ಅಗಲ ಮಾಡುವವರ ಪಟ್ಟಿಯಲ್ಲಿ ಮಾತ್ರ ಅತ್ತಿಗೆ ಬೆಲೆಯಿಲ್ಲ. ತೊಲೆಗೆ ಬಾರದು, ಬಾಗಿಲಿಗೆ ಬಾರದು, ಒಳ್ಳೆ ಸೌದೆಯೂ ಅಲ್ಲ. ಬದಲಿಗೆ ಹೊಂಗೆಯೋ ಬೇವೋ ನೆಟ್ಟರಾಯಿತು ಅನ್ನುತ್ತಾರೆ. ಆ ಲೆಕ್ಕ ನನಗೆ ಒಪ್ಪುವುದಿಲ್ಲ. ಸಾಲಿನಲ್ಲಿ ಒಂದು ಅತ್ತಿ ಹೋದರೆ ಸರದಿಯಲ್ಲಿ ಒಂದು ತಿಂಗಳು ಖಾಲಿ ಬೀಳಬಹುದು. ಆಲಕ್ಕೆ ಆಲದ್ದೇ ಕಣಜ, ಅತ್ತಿಗೆ ಅತ್ತಿಯದೇ, ಅದಲುಬದಲು ನಡೆಯದು. ಮಾಗಡಿ ಸೀಮೆಯ ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ಕೊಡದಲ್ಲಿ ನೀರು ಹೊತ್ತು ಬೆಳೆಸಿದ 385 ಆಲದ ಮರಗಳನ್ನು ನಾವು ನೆರಳಿನ ಲೆಕ್ಕದಲ್ಲಿ ನೋಡುತ್ತೇವೆ. ಆಲದ ಕಣಜಕ್ಕೆ ಅದು ಒಂದರ ಪಕ್ಕ ಒಂದು ಬಾಗಿಲಿರುವ ಕೇರಿ.

ನಂಬಿಕೆ ಬರದಿದ್ದರೆ ನೋಡಿಯೇ ಬಿಡಿ. ಹಸಿರು ಮಾಸಿ ಬಣ್ಣ ತಿರುಗುತ್ತಿರುವ ನಾಲ್ಕಾರು ಅತ್ತಿಕಾಯಿ ಕಿತ್ತು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿಡಿ. ಅದೃಷ್ಟವಿದ್ದರೆ ಮರುದಿನ ಬೆಳಿಗ್ಗೆಗೆ ಕಾಯಿಯ ಮೇಲೆ ಗಂಡುಗಳು ಕೊರೆದ ತೂತು, ಗಾಜಿನ ಮೇಲೆ ಕಪ್ಪು ಚುಕ್ಕಿಗಳಂತೆ ಹರಿದಾಡುವ ಹೆಣ್ಣುಗಳು ಕಾಣಿಸುತ್ತವೆ. ನೋಡಿಯಾದ ಮೇಲೆ ಬಟ್ಟೆ ಬೇಗ ಬಿಚ್ಚಿ. ಅವಕ್ಕೆ ಸಂಜೆಯೊಳಗೆ ಇನ್ನೊಂದು ಮರ ಸಿಗಬೇಕು.