‘ಸ್ವಯಂಚಾಲಿತ’ ಯಾವುದು: ಗೇರೋ, ಗಾಡಿಯೋ?

ಕಾಡುದಾರಿಗೆ ಪಿಕಪ್ ಕೊಳ್ಳುವವರಿಗೆಂದು ಬರೆದ ಸಲಹೆಯೊಂದರಲ್ಲಿ ‘ಹಸ್ತಚಾಲಿತ ಪ್ರಸರಣ ಮೇಲೋ, ಸ್ವಯಂಚಾಲಿತ ಪ್ರಸರಣ ಮೇಲೋ’ ಎಂಬ ಸಾಲನ್ನು ಇತ್ತೀಚೆಗೆ ಮತ್ತೊಮ್ಮೆ ಓದಬೇಕಾಯಿತು. ಇಂಗ್ಲಿಷಿನ ಟ್ರಾನ್ಸ್‌ಮಿಷನ್ ಅಲ್ಲಿ ಪ್ರಸರಣವಾಗಿದೆ. ಕನ್ನಡದಲ್ಲಿ ಪ್ರಸರಣವೆಂದರೆ ಪತ್ರಿಕೆಯೊಂದು ಎಷ್ಟು ಮನೆಗಳಿಗೆ ಹೋಗುತ್ತದೆ ಎಂಬ ಲೆಕ್ಕ, ಇಲ್ಲವೇ ಶಾಖವೋ ಸುದ್ದಿಯೋ ಹರಡುವ ಬಗೆ. ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಹಲ್ಲಿನ ಗಾಲಿಗಳ ಪೆಟ್ಟಿಗೆಗೆ ಕನ್ನಡದಲ್ಲಿ ಗೇರ್‌ಬಾಕ್ಸ್ ಎಂಬ ಹೆಸರು ತಲೆಮಾರುಗಳಿಂದ ಇದೆ; ಸಕಲೇಶಪುರದ ಯಾವುದೇ ಗ್ಯಾರೇಜಿಗೆ ಹೋಗಿ ‘ಪ್ರಸರಣ ಕೆಟ್ಟಿದೆ’ ಎಂದರೆ ಮೆಕ್ಯಾನಿಕ್ ಗಾಡಿಯನ್ನು ಬಿಟ್ಟು ನಮ್ಮ ಮುಖವನ್ನೇ ಪರೀಕ್ಷಿಸುತ್ತಾನೆ. ಆದರೂ ಪ್ರಸರಣ ಬರಿಯ ನಗೆಪಾಟಲಿನ ವಿಷಯ. ಅದನ್ನು ನಂಬಿ ಯಾರೂ ತಪ್ಪು ಗಾಡಿ ಕೊಳ್ಳುವುದಿಲ್ಲ. ‘ಸ್ವಯಂಚಾಲಿತ’ ಎಂಬ ಪದದ ಸಂಗತಿ ಹಾಗಲ್ಲ. ಅದರ ಸಡಿಲ ಬಳಕೆ ಕೊಳ್ಳುವವರ ಕೈಯಲ್ಲಿ ತಪ್ಪು ಪ್ರಶ್ನೆಯನ್ನೇ ಕೇಳಿಸುತ್ತಿದೆ.

ಮೊದಲು ವ್ಯಾಕರಣವನ್ನು ನೋಡೋಣ. ಚಲಿತವೆಂದರೆ ಚಲಿಸಿದ್ದು, ಚಾಲಿತವೆಂದರೆ ಚಲಿಸುವಂತೆ ಮಾಡಲ್ಪಟ್ಟದ್ದು. ಆ ದೀರ್ಘದಲ್ಲಿ ‘ಮಾಡಿಸುವವನು ಒಬ್ಬನಿದ್ದಾನೆ’ ಎಂಬ ಅರ್ಥ ಅಡಗಿದೆ. ವಿದ್ಯುಚ್ಚಾಲಿತ ಎಂದಾಗ ನಡೆಸುವುದು ವಿದ್ಯುತ್ತು, ಕೈಚಾಲಿತ ಎಂದಾಗ ಕೈ. ಸ್ವಯಂಚಾಲಿತ ಎಂದಾಗ ನಡೆಸುವುದೂ ತಾನೇ, ನಡೆಯುವುದೂ ತಾನೇ. ಈ ‘ತಾನು’ ಯಾರು ಎಂಬುದನ್ನು ಮುಂದೆ ಬರುವ ನಾಮಪದ ಹೇಳಬೇಕು. ‘ಸ್ವಯಂಚಾಲಿತ ಬಾಗಿಲು’ ಎಂದರೆ ಬಾಗಿಲು ತಾನೇ ತೆರೆದುಕೊಳ್ಳುತ್ತದೆ, ಕಟ್ಟಡವಲ್ಲ. ‘ಸ್ವಯಂಚಾಲಿತ ಗೇರ್’ ಎಂದರೆ ಗೇರು ತಾನೇ ಬದಲಾಗುತ್ತದೆ. ಆದರೆ ‘ಸ್ವಯಂಚಾಲಿತ ಪಿಕಪ್’ ಎಂದು ಬರೆದ ಕೂಡಲೇ ಪಿಕಪ್ಪೇ ತಾನಾಗಿ ಓಡುತ್ತದೆ ಎಂದಾಗುತ್ತದೆ, ಚಾಲಕನು ಮನೆಯಲ್ಲಿರಬಹುದು. ಚಾಲಕರಿಲ್ಲದ ಕಾರುಗಳ ಸುದ್ದಿಯನ್ನೂ ನಮ್ಮ ಪತ್ರಿಕೆಗಳು ಇದೇ ಪದದಲ್ಲಿ ಬರೆಯುತ್ತಿರುವುದರಿಂದ, ಕ್ಲಚ್ ಪೆಡಲ್ ಇಲ್ಲದ ಗಾಡಿಗೂ ಸಾರಥಿಯೇ ಇಲ್ಲದ ಗಾಡಿಗೂ ಈಗ ಒಂದೇ ಹೆಸರಾಗಿದೆ. ಎರಡರ ನಡುವಿನ ಅಂತರ ಒಂದು ಪೆಡಲಿನಷ್ಟಲ್ಲ.

ಸ್ವಯಂಚಾಲಿತಕ್ಕೆ ಮೂಲವಾದ ಆಟೊಮ್ಯಾಟಿಕ್ ಎಂಬ ಪದ ಗ್ರೀಕಿನದು. ‘ಆಟೊಸ್’ ಎಂದರೆ ತಾನು. ‘ಮಟೋಸ್’ ಎಂಬ ಉತ್ತರಾರ್ಧವು ಯೋಚಿಸು ಎಂಬ ಅರ್ಥದ ಪ್ರಾಚೀನ ಧಾತುವಿನಿಂದ ಬಂದದ್ದು, ನಮ್ಮ ಮನಸ್ಸು, ಮತಿ, ಮತ ಎಂಬ ಪದಗಳ ತಾಯಿಬೇರೂ ಅದೇ. ಹಾಗಾಗಿ ‘ಆಟೊಮಟೋಸ್’ ಎಂದರೆ ತನ್ನ ಮತಿಯಂತೆ ತಾನು ನಡೆಯುವುದು; ಕನ್ನಡದಲ್ಲಿ ಸ್ವಂತ ಬುದ್ಧಿಯದು ಎನ್ನಬಹುದು. ಹೋಮರನ ಇಲಿಯಡ್‌ನಲ್ಲಿ ಒಲಿಂಪಸ್ಸಿನ ಹೆಬ್ಬಾಗಿಲುಗಳು ತಾವಾಗಿಯೇ ತೆರೆದುಕೊಳ್ಳುವಾಗ ಬಳಕೆಯಾಗುವ ಪದವಿದು. ದೇವಶಿಲ್ಪಿ ಹೆಫೈಸ್ಟಸ್ ಮಾಡಿದ ಮೂರು ಕಾಲಿನ ಪೀಠಗಳು ದೇವತೆಗಳ ಸಭೆಗೆ ತಾವೇ ಉರುಳಿಕೊಂಡು ಹೋಗಿ ತಾವೇ ಮನೆಗೆ ಮರಳುವಾಗಲೂ ಇದೇ ಪದ. ಗಮನಿಸಬೇಕಾದದ್ದು, ಈ ಪದದ ತಿರುಳಿನಲ್ಲಿರುವುದು ಚಲನೆಯಲ್ಲ, ನಿರ್ಧಾರ. ಇಂದಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾಡುವುದೂ ಅದನ್ನೇ: ಯಾವ ಗೇರು ಬೇಕೆಂದು ಅದು ನಿರ್ಧರಿಸುತ್ತದೆ. ನಾವು ಅನುವಾದಿಸುವಾಗ ಮತಿಯನ್ನು ಬಿಟ್ಟು ಚಾಲನೆಯನ್ನು ಹಿಡಿದುಕೊಂಡೆವು, ಗೊಂದಲ ಅಲ್ಲಿಂದಲೇ ಶುರುವಾಯಿತು.

ಮ್ಯಾನ್ಯುಯಲ್ ಎಂಬುದು ಲ್ಯಾಟಿನ್‌ನ ‘ಮಾನುಸ್’, ಅಂದರೆ ಕೈ. ಪುಸ್ತಕದ ವಿಷಯದಲ್ಲಿ ನಮ್ಮ ಹಿರಿಯರು ಅದನ್ನು ಕೈಪಿಡಿ ಎಂದು ಎಷ್ಟು ಚೆಂದವಾಗಿ ಮಾಡಿಟ್ಟರೋ, ಗೇರಿನ ವಿಷಯದಲ್ಲಿ ನಾವು ಅಷ್ಟೇ ಪೆದ್ದಾಗಿ ‘ಹಸ್ತಚಾಲಿತ’ ಎಂದು ಕುಳಿತಿದ್ದೇವೆ. ಕೈಗಿಂತ ಹೆಚ್ಚಿನ ಕೆಲಸ ಇಲ್ಲಿ ಎಡಗಾಲಿನದು, ಅದೇ ಮುಂದೆ ಮುಖ್ಯವಾಗಲಿದೆ. ಹೆಸರಿಗೆ ತಕ್ಕಂತೆ ಪೂರ್ತಿ ಕೈಯಿಂದಲೇ ಕ್ಲಚ್ಚನ್ನೂ ಗೇರನ್ನೂ ನಡೆಸುವ ಗಾಡಿಯೊಂದು ನಮ್ಮ ಬೀದಿಯಲ್ಲಿದೆ, ಹಿಡಿಕೆಯನ್ನು ತಿರುಚಿ ಗೇರು ಬದಲಿಸುವ ಆಟೊರಿಕ್ಷಾ. ಅದನ್ನು ನಾವು ಆಟೊ ಎನ್ನುತ್ತೇವೆ.

‘ಗೇರ್ ಇಲ್ಲದ ಗಾಡಿ’ ಎಂಬುದು ಇನ್ನೊಂದು ರೂಢಿ. ಹಳೆಯ ವಾಹನಗಳ ಮಾರಾಟದ ಜಾಹೀರಾತುಗಳಲ್ಲಿ ‘ಗೇರ್ ಇಲ್ಲದ ಪಿಕಪ್, ಹೆಂಗಸರೂ ಓಡಿಸಬಹುದು’ ಎಂಬಂಥ ಒಕ್ಕಣೆ ಕಂಡಾಗ ಎರಡು ಕಾರಣಗಳಿಗೆ ಸಿಟ್ಟು ಬರುತ್ತದೆ, ಇಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಸ್ಕೂಟರಿನಲ್ಲಿ ಹಿಗ್ಗಿ ಕುಗ್ಗುವ ಎರಡು ರಾಟೆಗಳ ನಡುವೆ ಬೆಲ್ಟ್ ಓಡುತ್ತದೆ, ಒಂದನೆಯದು ಎರಡನೆಯದು ಎಂಬ ಮೆಟ್ಟಿಲುಗಳು ಅಲ್ಲಿಲ್ಲ, ಆದ್ದರಿಂದ ಗೇರ್ ಇಲ್ಲದ ಸ್ಕೂಟರ್ ಎಂಬ ಮಾತು ಒಪ್ಪತಕ್ಕದ್ದು. ಭಾರತದಲ್ಲಿ ಸಿಗುವ ಇಸುಜು ವಿ-ಕ್ರಾಸ್ ಮತ್ತು ಟೊಯೊಟಾ ಹೈಲಕ್ಸ್‌ಗಳ ಆಟೊಮ್ಯಾಟಿಕ್ ಪೆಟ್ಟಿಗೆಯಲ್ಲಿ ಆರು ಗೇರುಗಳಿವೆ, ಅವುಗಳ ಮ್ಯಾನ್ಯುಯಲ್ ರೂಪದಲ್ಲಿಯೂ ಆರೇ. ಇಲ್ಲದಿರುವುದು ಗೇರಲ್ಲ, ಕ್ಲಚ್ ಪೆಡಲ್.

ಇಡೀ ಆಯ್ಕೆಯ ಕೀಲು ಇರುವುದು ಇಲ್ಲಿಯೇ. ಗೇರನ್ನು ಯಾರು ಬದಲಿಸುತ್ತಾರೆ ಎಂಬುದು ಹೆದ್ದಾರಿಯ ಪ್ರಶ್ನೆ, ಬೆಂಗಳೂರಿನ ಸಿಗ್ನಲ್ಲಿನ ಪ್ರಶ್ನೆ. ಕಲ್ಲು, ಕೆಸರು, ಕಡಿದಾದ ಏರಿನಲ್ಲಿ ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸನ್ನು ಫೋರ್ ಲೋಗೆ, ಅಂದರೆ ನಾಲ್ಕೂ ಚಕ್ರಗಳನ್ನು ನಿಧಾನವಾಗಿ ಹೆಚ್ಚು ಬಲದಿಂದ ತಿರುಗಿಸುವ ಸ್ಥಾನಕ್ಕೆ ಹಾಕಿ ಒಂದನೆಯ ಗೇರಿನಲ್ಲಿ ನಡಿಗೆಯ ವೇಗದಲ್ಲಿ ಹೋಗುವಾಗ ಯಾರೂ ಗೇರು ಬದಲಿಸುವುದೇ ಇಲ್ಲ, ಕೈಯೂ ಇಲ್ಲ, ಕಂಪ್ಯೂಟರೂ ಇಲ್ಲ. ಹೆಸರಿನಲ್ಲಿರುವ ವ್ಯತ್ಯಾಸ ಅಲ್ಲಿ ಕೆಲಸಕ್ಕೇ ಬಾರದೆ ಹೋಗುತ್ತದೆ. ಉಳಿಯುವ ವ್ಯತ್ಯಾಸವೆಂದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಏನು ಕೂತಿದೆ ಎಂಬುದು: ಒಣ ಘರ್ಷಣೆಯಿಂದ ಹಿಡಿಯುವ ಕ್ಲಚ್ ಪ್ಲೇಟೋ, ಎಣ್ಣೆಯ ಸುಳಿಯಿಂದ ತಳ್ಳುವ ಟಾರ್ಕ್ ಕನ್ವರ್ಟರೋ.

ಟಾರ್ಕ್ ಕನ್ವರ್ಟರ್ ಹುಟ್ಟಿದ್ದು ರಸ್ತೆಗಾಗಿ ಅಲ್ಲ. ಜರ್ಮನಿಯ ಹಡಗುಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದ ಹರ್ಮನ್ ಫೊಟಿಂಗರ್ 1905ರಲ್ಲಿ ಅದಕ್ಕೆ ಪೇಟೆಂಟ್ ಪಡೆದದ್ದು, ಬಿರುಸಾಗಿ ತಿರುಗುವ ಟರ್ಬೈನನ್ನು ನಿಧಾನವಾಗಿ ತಿರುಗಬೇಕಾದ ಹಡಗಿನ ಪ್ರೊಪೆಲರಿಗೆ ಹೊಂದಿಸುವುದಕ್ಕಾಗಿ. ಎಂಜಿನ್ನಿಗೆ ಅಂಟಿದ ರೆಕ್ಕೆಗಾಲಿಯೊಂದು ಎಣ್ಣೆಯನ್ನು ಎಸೆಯುತ್ತದೆ, ಗೇರ್‌ಬಾಕ್ಸಿಗೆ ಅಂಟಿದ ಇನ್ನೊಂದು ರೆಕ್ಕೆಗಾಲಿ ಆ ಹೊಡೆತಕ್ಕೆ ತಿರುಗುತ್ತದೆ, ನಡುವಿನ ಮೂರನೆಯದು ಹಿಂದಿರುಗುವ ಎಣ್ಣೆಯ ದಿಕ್ಕನ್ನು ತಿದ್ದಿ ಆ ತಳ್ಳುವ ಬಲಕ್ಕೆ ಸೇರಿಸುತ್ತದೆ. ಚಕ್ರ ನಿಂತಿದ್ದು ಎಂಜಿನ್ ತಿರುಗುತ್ತಿರುವಾಗ ಈ ಏರ್ಪಾಡು ಎಂಜಿನ್ನಿನ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಸುಮಾರು ಎರಡು ಪಟ್ಟು ಮಾಡಿ ಕೊಡುತ್ತದೆ, ಗಾಡಿ ವೇಗ ಹಿಡಿದಂತೆ ಆ ಲಾಭ ಕರಗುತ್ತದೆ. 1948ರ ಅಮೆರಿಕದ ಬ್ಯೂಕ್ ಕಾರಿನ ಡೈನಾಫ್ಲೋ ಗೇರ್‌ಬಾಕ್ಸ್ ಇದನ್ನೇ ನೆಚ್ಚಿಕೊಂಡಿತ್ತು. ಆಟೊಮ್ಯಾಟಿಕ್ ಎಂದು ಹೆಸರಾದ ಆ ಗಾಡಿ ಓಡುವಾಗ ತಾನಾಗಿ ಗೇರು ಬದಲಿಸುತ್ತಲೇ ಇರಲಿಲ್ಲ. ಎಣ್ಣೆಯ ಸುಳಿಯ ಮೇಲೆಯೇ ಎಲ್ಲ ಭಾರ ಹಾಕಿ ಒಂದೇ ಗೇರಿನಲ್ಲಿ ಹೊರಡುತ್ತಿತ್ತು, ಲೋ ಗೇರು ಬೇಕಾದರೆ ಚಾಲಕ ಕೈಯಿಂದಲೇ ಹಾಕಬೇಕಿತ್ತು. ಪದಕ್ಕೂ ಯಂತ್ರಕ್ಕೂ ಇಷ್ಟು ದೂರದ ಸಂಬಂಧ ಅಂದಿನಿಂದಲೂ ಇದೆ.

ಈಗ ಮ್ಯಾನ್ಯುಯಲ್ ಪಕ್ಷದವರು ಮುಂದಿಡುವ ಲೆಕ್ಕವನ್ನು ನೋಡೋಣ. ಒಂದನೆಯ ಗೇರಿನ ಅನುಪಾತ, ಫೋರ್ ಲೋ ಅನುಪಾತ, ಆಕ್ಸಲ್ಲಿನ ಅನುಪಾತ ಇವುಗಳ ಗುಣಲಬ್ಧಕ್ಕೆ ಕ್ರಾಲ್ ರೇಶಿಯೊ ಎನ್ನುತ್ತಾರೆ. ಚಕ್ರ ಒಂದು ಸುತ್ತು ಬರಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಎಂಬ ಸಂಖ್ಯೆ ಅದು. ಅಮೆರಿಕದ ಜೀಪ್ ಗ್ಲಾಡಿಯೇಟರ್ ಪಿಕಪ್ಪಿನ ರೂಬಿಕಾನ್ ಮಾದರಿಯಲ್ಲಿ ಮ್ಯಾನ್ಯುಯಲ್‌ಗೆ 5.13, 4 ಮತ್ತು 4.10ನ್ನು ಗುಣಿಸಿದರೆ 84ರ ಆಸುಪಾಸು ಬರುತ್ತದೆ. ಎಂಟು ಗೇರಿನ ಆಟೊಮ್ಯಾಟಿಕ್‌ಗೆ 4.71, 4 ಮತ್ತು 4.10ರಿಂದ 77. ಕಾಗದದ ಮೇಲೆ ಮ್ಯಾನ್ಯುಯಲ್ ಗೆದ್ದಿತು. ಆದರೆ ಚಕ್ರ ಕಲ್ಲಿಗೆ ತಾಗಿ ನಿಂತ ಕ್ಷಣದಲ್ಲಿ ಟಾರ್ಕ್ ಕನ್ವರ್ಟರ್ ಸೇರಿಸುವ ಎರಡು ಪಟ್ಟು ಈ ಗುಣಾಕಾರದಲ್ಲಿ ಎಲ್ಲಿಯೂ ಇಲ್ಲ. ಅದನ್ನು ಬಿಟ್ಟು 84 ದೊಡ್ಡದು, 77 ಚಿಕ್ಕದು ಎಂದು ವಾದಿಸುವವರು ತಕ್ಕಡಿಯ ಒಂದು ತಟ್ಟೆಯಲ್ಲಿನ ಬಟ್ಟನ್ನು ಮರೆತು ತೂಗುತ್ತಿದ್ದಾರೆ. ಅಂದಹಾಗೆ ಗ್ಲಾಡಿಯೇಟರಿನ ಮ್ಯಾನ್ಯುಯಲ್ ಈಗ ಸಿಗುವುದಿಲ್ಲ, 2025ರ ಮಾದರಿಯಿಂದ ಅದನ್ನು ಕೈಬಿಟ್ಟಿದ್ದಾರೆ.

ನಮ್ಮಲ್ಲಿಯ ಹೈಲಕ್ಸ್ ಇನ್ನೂ ಸ್ಪಷ್ಟವಾದ ನಿದರ್ಶನ. ಎಂಜಿನ್ ಒಂದೇ, 2.8 ಲೀಟರ್ ಡೀಸೆಲ್. ಮ್ಯಾನ್ಯುಯಲ್ ಜೊತೆಗಿದ್ದಾಗ ಅದರ ಟಾರ್ಕ್ 420 ನ್ಯೂಟನ್ ಮೀಟರ್, ಆಟೊಮ್ಯಾಟಿಕ್ ಜೊತೆಗಿದ್ದಾಗ 500. ಗೇರು ಬದಲಿಸುವವರು ಯಾರು ಎಂಬುದಷ್ಟೇ ವ್ಯತ್ಯಾಸವಾಗಿದ್ದರೆ ಈ 80ರ ಅಂತರಕ್ಕೆ ಅರ್ಥವೇ ಇರುತ್ತಿರಲಿಲ್ಲ. ಎಲ್ಲ ಗಾಡಿಯೂ ಹೀಗಲ್ಲ ಎಂಬುದನ್ನೂ ಹೇಳಬೇಕು, ವಿ-ಕ್ರಾಸ್‌ನ 1.9 ಲೀಟರ್ ಎಂಜಿನ್ ಎರಡು ಪೆಟ್ಟಿಗೆಗಳ ಜೊತೆಗೂ 360 ನ್ಯೂಟನ್ ಮೀಟರನ್ನೇ ಕೊಡುತ್ತದೆ. ಅದೇ ವಿ-ಕ್ರಾಸ್ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ ಕೊಡುವ ಆಟೊಮ್ಯಾಟಿಕ್ ರೂಪದಲ್ಲಿಯೂ ಬಂದಿದೆ, ಆದ್ದರಿಂದ ‘ಆಟೊಮ್ಯಾಟಿಕ್ ಅಲ್ಲವೇ, ಫೋರ್ ವೀಲ್ ಇದ್ದೇ ಇರುತ್ತದೆ’ ಎಂದು ಭಾವಿಸಿ ಮುಂಗಡ ಕೊಡಬಾರದು.

ಏರಿನಲ್ಲಿ ನಿಂತ ಮ್ಯಾನ್ಯುಯಲ್ ಗಾಡಿಯನ್ನು ಮತ್ತೆ ಹೊರಡಿಸುವುದು ಹಾಫ್ ಕ್ಲಚ್ಚಿನ ವಿದ್ಯೆ. ಕೊಡಚಾದ್ರಿಗೆ ಜನರನ್ನು ಹೊತ್ತು ಏರುವ ಜೀಪಿನವರನ್ನು ನೋಡಿದವರಿಗೆ ಆ ವಿದ್ಯೆ ಎಷ್ಟು ನುಣುಪಾಗಿರಬಹುದು ಎಂಬುದು ಗೊತ್ತು. ಎಲ್ಲಿ ನಿಲ್ಲಬೇಕು ಎನ್ನುವುದಕ್ಕಿಂತ ಎಲ್ಲಿ ನಿಲ್ಲಲೇಬಾರದು ಎಂಬುದು ಅವರಿಗೆ ಬಾಯಿಪಾಠ. ಕೊಂಡು ಮೂರು ತಿಂಗಳಾದವನು ಅದೇ ಏರಿನಲ್ಲಿ ಮಾಡುವುದೆಂದರೆ ಪ್ಲೇಟನ್ನು ಅರ್ಧ ಹಿಡಿಸಿ ಎಂಜಿನ್ ಅರಚಿಸುವುದು, ಆಮೇಲೆ ಸುಟ್ಟ ವಾಸನೆ. ನ್ಯಾಯವಾಗಿ ಹೇಳುವುದಾದರೆ ಜಾರುವುದು ಎರಡೂ ಕಡೆ ಇದೆ: ಕ್ಲಚ್ ಪ್ಲೇಟ್ ಜಾರಿದರೆ ಬಿಸಿ ಪ್ಲೇಟಿಗೆ, ಕನ್ವರ್ಟರ್ ಜಾರಿದರೆ ಬಿಸಿ ಎಣ್ಣೆಗೆ. ವ್ಯತ್ಯಾಸವೇನೆಂದರೆ ಎಣ್ಣೆ ಕೂಲರಿಗೆ ಹೋಗಿ ತಣಿದು ಹಿಂದಿರುಗುತ್ತದೆ, ಸವೆದ ಪ್ಲೇಟ್ ಹಿಂದಿರುಗುವುದಿಲ್ಲ. ಹಾಗೆಂದು ಆಳದ ಕೆಸರಿನಲ್ಲಿ ಹೂತ ಆಟೊಮ್ಯಾಟಿಕ್ ಗಾಡಿಯ ಆಕ್ಸಿಲರೇಟರನ್ನು ನಿಮಿಷಗಟ್ಟಲೆ ಒತ್ತಿ ಹಿಡಿದರೆ ಕೂಲರೂ ಸಾಲದು, ಎಣ್ಣೆ ಕಾದ ದೀಪ ಉರಿಯುತ್ತದೆ. ಹಳ್ಳ ದಾಟುವಾಗ ಕ್ಲಚ್ ಒತ್ತಬಾರದೆಂದು ಹಳಬರು ಹೇಳುವುದರಲ್ಲಿಯೂ ಹುರುಳಿದೆ, ಪ್ಲೇಟುಗಳು ಬಿಟ್ಟುಕೊಂಡ ಹೊತ್ತಿನಲ್ಲಿ ಕೆಸರುನೀರು ನಡುವೆ ಸೇರಬಹುದು.

ಇಳಿಜಾರಿನಲ್ಲಿ ಮಾತ್ರ ಮ್ಯಾನ್ಯುಯಲ್ ಪಕ್ಷದವರ ಮಾತನ್ನು ನಾನು ತಕರಾರಿಲ್ಲದೆ ಒಪ್ಪುತ್ತೇನೆ. ಫೋರ್ ಲೋ, ಒಂದನೆಯ ಗೇರು, ಮೂರೂ ಪೆಡಲುಗಳಿಂದ ಕಾಲು ತೆಗೆದು ಕೂತರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಯುತ್ತದೆ. ನಡುವೆ ಜಾರುವ ವಸ್ತುವೇ ಇಲ್ಲದಿರುವುದರಿಂದ ಆ ಹಿಡಿತ ಬಿಗಿ. ಆಟೊಮ್ಯಾಟಿಕ್‌ನಲ್ಲಿ ಲಿವರನ್ನು ಡ್ರೈವ್‌ನ ಡಿಯಲ್ಲಿಯೇ ಬಿಟ್ಟು ಇಳಿಯುವುದು ತಪ್ಪು, ಮ್ಯಾನ್ಯುಯಲ್ ಮೋಡ್‌ಗೆ ಎಳೆದು ಒಂದನೆಯದನ್ನು ಹಿಡಿದಿಡಬೇಕು. ಆಗಲೂ ಎಣ್ಣೆಯ ಸುಳಿ ಸ್ವಲ್ಪ ಬಿಟ್ಟುಕೊಡುತ್ತದೆ, ಉಳಿದದ್ದನ್ನು ಬ್ರೇಕಿನ ಮೂಲಕ ಇಳಿಜಾರಿನ ವೇಗ ತಡೆಯುವ ಎಲೆಕ್ಟ್ರಾನಿಕ್ ಏರ್ಪಾಡು ನೋಡಿಕೊಳ್ಳುತ್ತದೆ. ಕೆಲವು ಆಟೊಮ್ಯಾಟಿಕ್ ಲಿವರುಗಳ ಮೇಲೆ ಮ್ಯಾನ್ಯುಯಲ್ ಎಂಬುದರ ಎಂ ಅಕ್ಷರ ಅಚ್ಚಾಗಿರುವುದನ್ನು ‘ಹಸ್ತಚಾಲಿತ’ ಬರಹಗಾರರು ಹೇಗೆ ಅನುವಾದಿಸುತ್ತಾರೋ ತಿಳಿಯದು.

ಎಎಂಟಿ (ಆಟೊಮೇಟೆಡ್ ಮ್ಯಾನ್ಯುಯಲ್ ಟ್ರಾನ್ಸ್‌ಮಿಷನ್) ಎಂಬ ಮೂರನೆಯದೊಂದಿದೆ, 2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ನಮ್ಮಲ್ಲಿ ಬಳಕೆಗೆ ಬಂದದ್ದು. ಅದರಲ್ಲಿ ಕ್ಲಚ್ ಪ್ಲೇಟ್ ಹಾಗೆಯೇ ಇದೆ, ಒತ್ತುವ ಕಾಲಿಗೆ ಬದಲಾಗಿ ಯಂತ್ರದ ಕಾಲು ಬಂದಿದೆ ಅಷ್ಟೇ. ಜಾಹೀರಾತಿನಲ್ಲಿ ಅದೂ ಆಟೊಮ್ಯಾಟಿಕ್. ಮನೆಯ ಪುಟ್ಟ ಎಎಂಟಿ ಕಾರು ಏರಿನಲ್ಲಿ ತಡವರಿಸಿದ್ದನ್ನು ನೋಡಿ ‘ಆಟೊಮ್ಯಾಟಿಕ್ ಘಾಟಿಗೆ ಆಗದು’ ಎಂದು ತೀರ್ಮಾನಿಸಿ ಮ್ಯಾನ್ಯುಯಲ್ ಪಿಕಪ್ ಕೊಂಡವರು, ತಾವು ಬೈದದ್ದು ಕ್ಲಚ್ ಪ್ಲೇಟನ್ನು, ಕೊಂಡದ್ದೂ ಅದನ್ನೇ ಎಂಬುದನ್ನು ಗಮನಿಸಿರುವುದಿಲ್ಲ.

ಆದ್ದರಿಂದ ಶೋರೂಮಿನಲ್ಲಿ ಕೇಳಬೇಕಾದದ್ದು ‘ಆಟೊಮ್ಯಾಟಿಕ್ ಇದೆಯೇ’ ಎಂದಲ್ಲ. ‘ಟಾರ್ಕ್ ಕನ್ವರ್ಟರೋ ಕ್ಲಚ್ಚೋ’, ‘ಫೋರ್ ಲೋ ಇದೆಯೇ’, ‘ಒಂದನೆಯ ಗೇರನ್ನು ಹಿಡಿದಿಡಬಹುದೇ’ ಎಂದು. ಏರು, ಕಲ್ಲು, ಮರಳು ಹೆಚ್ಚಿರುವ ಕಡೆ ನನ್ನ ಮತ ಟಾರ್ಕ್ ಕನ್ವರ್ಟರಿಗೆ. ಮೊಬೈಲ್ ಸಿಗ್ನಲ್ ಸಿಗದ ತೋಟದ ಮೂಲೆಯಲ್ಲಿ ವರ್ಷವಿಡೀ ದುಡಿಯಬೇಕಾದ ಗಾಡಿಯಾದರೆ ನನ್ನ ಮತ ಮ್ಯಾನ್ಯುಯಲ್‌ಗೆ, ಅದಕ್ಕೆ ಕಾರಣ ಬ್ಯಾಟರಿ. ಮ್ಯಾನ್ಯುಯಲ್ ಗಾಡಿಯನ್ನು ಇಳಿಜಾರಿನಲ್ಲಿ ನಾಲ್ಕು ಜನ ತಳ್ಳಿ ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟರೆ ಬಹುತೇಕ ಸ್ಟಾರ್ಟ್ ಆಗುತ್ತದೆ. ಆಟೊಮ್ಯಾಟಿಕ್‌ನಲ್ಲಿ ಗೇರು ಹಿಡಿಯಲು ಎಣ್ಣೆಯ ಒತ್ತಡ ಬೇಕು, ಒತ್ತಡ ಹುಟ್ಟಿಸುವ ಪಂಪು ತಿರುಗಲು ಎಂಜಿನ್ ಓಡುತ್ತಿರಬೇಕು. ಎಷ್ಟು ತಳ್ಳಿದರೂ ಅದು ಸ್ಟಾರ್ಟ್ ಆಗುವುದಿಲ್ಲ, ಪಕ್ಕದ ತೋಟದಿಂದ ಜಂಪರ್ ಕೇಬಲ್ ಬರುವವರೆಗೆ ‘ಸ್ವಯಂಚಾಲಿತ’ ಗಾಡಿ ಅಲ್ಲಿಯೇ ನಿಂತಿರುತ್ತದೆ.