ಟಿಲ್ಲರ್ ಭಾರವಾದರೆ ಮೊದಲು ಏನು ನೋಡಬೇಕು? ಸಣ್ಣ ಹಾಯಿದೋಣಿಯ ಚುಕ್ಕಾಣಿ ಟಿಪ್ಪಣಿ

ಗೊರೂರಿನ ಹೇಮಾವತಿ ಹಿನ್ನೀರಾಗಲಿ, ಲಕ್ಕವಳ್ಳಿಯ ಭದ್ರಾ ಹಿನ್ನೀರಾಗಲಿ, ಹದಿಮೂರು ಹದಿನಾಲ್ಕು ಅಡಿಯ, ಮೇನ್ (ದೊಡ್ಡ ಹಾಯಿ) ಮತ್ತು ಜಿಬ್ (ಮುಂದಿನ ಸಣ್ಣ ಹಾಯಿ) ಎರಡೂ ಇರುವ ದೋಣಿಗೆ ಈ ಲೆಕ್ಕ ಹೊಂದುತ್ತದೆ.

ಮೊದಲು ಪರೀಕ್ಷೆ. ಗಾಳಿ ಒಂದೇ ಸಮ ಬೀಸುತ್ತಿರುವಾಗ, ಹಾಯಿ ಬಿಗಿದು ಗಾಳಿಗೆ ಎದುರೇರುತ್ತಾ, ದೋಣಿಯನ್ನು ವಾಲದಂತೆ ಮಟ್ಟವಾಗಿಡಿ. ಟಿಲ್ಲರನ್ನು, ಅಂದರೆ ಚುಕ್ಕಾಣಿ ತಿರುಗಿಸುವ ಹಿಡಿಕೋಲನ್ನು, ಮೆಲ್ಲಗೆ ಸಡಿಲಬಿಡಿ. ಮೂತಿ ಗಾಳಿಯ ಕಡೆಗೆ ತಿರುಗಿದರೆ ವೆದರ್ ಹೆಲ್ಮ್, ಗಾಳಿಯಿಂದ ಆಚೆ ಹೊರಳಿದರೆ ಲೀ ಹೆಲ್ಮ್. ಸ್ವಲ್ಪ ವೆದರ್ ಹೆಲ್ಮ್ ಇರಲೇಬೇಕು. ಟಿಲ್ಲರ್ ಕೈತಪ್ಪಿದರೆ ದೋಣಿ ತಾನಾಗಿ ಗಾಳಿಗೆ ಮುಖಮಾಡಿ ನಿಧಾನಿಸುತ್ತದೆ. ಲೀ ಹೆಲ್ಮ್ ಇದ್ದರೆ ಹೊರಳಿಕೊಂಡು ವೇಗ ಹೆಚ್ಚಿಸಿಕೊಂಡು ಮಗುಚಬಹುದು.

ಎಷ್ಟಿದ್ದರೆ ಸರಿ? ಚುಕ್ಕಾಣಿ 3ರಿಂದ 5 ಡಿಗ್ರಿ ತಿರುಗಿದ್ದರೆ ಸಾಕು. ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ, ಗುರುತು ಹಾಕಿಕೊಳ್ಳಿ. ಚುಕ್ಕಾಣಿಯ ಕೀಲಿನಿಂದ ಒಂದು ಮೀಟರ್ ಮುಂದೆ ಟಿಲ್ಲರ್ 7 ಸೆಂ.ಮೀ. ಸರಿದರೆ 4 ಡಿಗ್ರಿ, 17 ಸೆಂ.ಮೀ. ಸರಿದರೆ 10 ಡಿಗ್ರಿ. ಟಿಲ್ಲರಿನ ಕೆಳಗೆ ಎರಡೂ ಪಕ್ಕ ಈ ಅಳತೆಗೆ ಇನ್ಸುಲೇಷನ್ ಟೇಪ್ ಅಂಟಿಸಿ. ನೇರ ಹೋಗುವಾಗಲೂ ಟಿಲ್ಲರ್ ಹೊರಗಿನ ಟೇಪ್ ಮುಟ್ಟುತ್ತಿದ್ದರೆ ಬ್ಲೇಡು (ಚುಕ್ಕಾಣಿಯ ನೀರೊಳಗಿನ ಹಲಗೆ) ಬ್ರೇಕಿನ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಇನ್ನು ಕಾರಣ. ಹಾಯಿಗಳ ಮೇಲಿನ ಒತ್ತಡವೆಲ್ಲ ಸೇರುವ ಬಿಂದು ಒಂದು, ನೀರಿನಡಿಯ ಭಾಗ ಪಕ್ಕಕ್ಕೆ ಜಾರದಂತೆ ತಡೆಯುವ ಬಿಂದು ಇನ್ನೊಂದು. ಮೊದಲನೆಯದು ಹಿಂದಕ್ಕೆ ಸರಿದಷ್ಟೂ ವೆದರ್ ಹೆಲ್ಮ್ ಏರುತ್ತದೆ. ಇಷ್ಟು ಓದಿದ ಕೂಡಲೇ ಅನೇಕರು ಮಾಸ್ಟಿನ (ಹಾಯಿಗಂಬದ) ಓರೆ ಬದಲಿಸಲು ಹೊರಡುತ್ತಾರೆ. ಅದು ಕೊನೆಯ ಕೆಲಸ. ಲೆಕ್ಕ ನೋಡಿ: 6 ಮೀಟರ್ ಮಾಸ್ಟಿನ ತುದಿಯನ್ನು 10 ಸೆಂ.ಮೀ. ಹಿಂದಕ್ಕೆ ವಾಲಿಸಿದರೆ ಹಾಯಿಯ ಬಿಂದು ಸುಮಾರು 4 ಸೆಂ.ಮೀ. ಸರಿಯುತ್ತದೆ. ಅದೇ ಬಿಂದು ನೀರಿನಿಂದ 2.2 ಮೀಟರ್ ಎತ್ತರದಲ್ಲಿದ್ದು ದೋಣಿ ಬರೀ 10 ಡಿಗ್ರಿ ವಾಲಿದರೆ 38 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಹಾಯಿಯ ಮುಂದೆಳೆತ ಆಗ ದೋಣಿಯ ನಡುಗೆರೆಯಿಂದ ಹೊರಗೆ ಬಿದ್ದು ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸುತ್ತದೆ. ನೀರಿನಡಿಯ ಒಡಲೂ ವಾಲಿದಾಗ ಎರಡು ಬದಿಗೆ ಒಂದೇ ಆಕಾರದಲ್ಲಿ ಉಳಿಯದೆ ಅದೇ ಕಡೆಗೆ ತಿರುಗಿಸುತ್ತದೆ.

ಆದ್ದರಿಂದ ಮೊದಲ ಮದ್ದು ದೋಣಿಯನ್ನು ಮಟ್ಟವಾಗಿಡುವುದು. ಮುಂಗಾರಿನ ಪಡುವಣ ಗಾಳಿ ಗುಡ್ಡಗಳ ಸಂದಿನಿಂದ ಹಿನ್ನೀರಿಗೆ ಇಳಿಯುವಾಗ ಬಿಟ್ಟು ಬಿಟ್ಟು ಬೀಸುತ್ತದೆ. ನೀರಿನ ಮೇಲೆ ಕಪ್ಪು ಪಟ್ಟೆ ಓಡಿಬರುವುದು ಕಂಡಾಗಲೇ ಹೊರಗೆ ಬಾಗಿ ಕೂರಲು ಸಿದ್ಧರಾಗಿ. ಗಾಳಿ ತಾಗಿದ ಕ್ಷಣ ಮೇನ್ ಹಗ್ಗವನ್ನು ಒಂದು ಗೇಣು ಸಡಿಲಿಸಿ, ಮೈ ಹೊರಗೆ ಚಾಚಿ. ದೋಣಿ ಮಟ್ಟಕ್ಕೆ ಬಂದಮೇಲೆ ಮತ್ತೆ ಎಳೆಯಿರಿ. ಟಿಲ್ಲರ್ ಜೊತೆ ಗುದ್ದಾಡಬೇಡಿ. ವಾಲಿದ ದೋಣಿಯಲ್ಲಿ ಅದನ್ನು ಜಗ್ಗಿದರೆ ಬ್ಲೇಡಿನ ಗುಂಟ ಗಾಳಿ ಕೆಳಗಿಳಿದು, ಹಿಡಿತವೇ ತಪ್ಪಿಹೋಗುತ್ತದೆ. ಹಾಗಾದರೆ ಟಿಲ್ಲರನ್ನು ಒಂದು ಕ್ಷಣ ನಡುವಿಗೆ ತಂದು ಮತ್ತೆ ಮೆಲ್ಲಗೆ ತಿರುಗಿಸಿ.

ಮಟ್ಟವಾಗಿಟ್ಟರೂ ಭಾರವೇ? ಮೇನ್ ಹಾಯಿಯನ್ನು ಚಪ್ಪಟೆ ಮಾಡಿ: ಔಟ್‌ಹಾಲ್ (ಹಾಯಿಯ ಕೆಳಂಚನ್ನು ಹಿಂದಕ್ಕೆ ಎಳೆಯುವ ಹಗ್ಗ), ವ್ಯಾಂಗ್ (ಹಾಯಿಯ ಬುಡದ ಅಡ್ಡಕಂಬವನ್ನು ಕೆಳಕ್ಕೆ ಎಳೆಯುವುದು), ಕನ್ನಿಂಗ್‌ಹ್ಯಾಮ್ (ಹಾಯಿಯ ಮುಂದಂಚನ್ನು ಕೆಳಕ್ಕೆ ಎಳೆಯುವುದು) ಮೂರೂ ಬಿಗಿಯಿರಿ. ಜಿಬ್ ಸಡಿಲವಾಗಿ ಪಟಪಟ ಅನ್ನುತ್ತಿದ್ದರೆ ಎಳೆಯಿರಿ. ಇಬ್ಬರೂ ಮುಂದೆ ಕೂತು ಮೂತಿ ನೀರಿಗೆ ಇಳಿದಿದ್ದರೆ ಒಂದಿಷ್ಟು ಹಿಂದೆ ಸರಿಯಿರಿ. ಆಮೇಲೆ ಸೆಂಟರ್‌ಬೋರ್ಡ್, ಅಂದರೆ ದೋಣಿ ಪಕ್ಕಕ್ಕೆ ಜಾರದಂತೆ ನಡುವಿನಿಂದ ನೀರಿಗೆ ಇಳಿಸುವ ಹಲಗೆ: ಕೀಲಿನ ಮೇಲೆ ತಿರುಗುವ ಬೋರ್ಡು ಒಂದು ಮೀಟರ್ ಉದ್ದವಿದ್ದು ಅದನ್ನು 15 ಡಿಗ್ರಿ ಎತ್ತಿದರೆ ಅದರ ನಡುಭಾಗ ಸುಮಾರು 13 ಸೆಂ.ಮೀ. ಹಿಂದೆ ಹೋಗಿ, ಜಾರದಂತೆ ತಡೆಯುವ ಬಿಂದುವೂ ಹಿಂದೆ ಸರಿದು ವೆದರ್ ಹೆಲ್ಮ್ ಇಳಿಯುತ್ತದೆ. ಯಾವ ಸ್ಪ್ಯಾನರೂ ಬೇಡದೆ ಸಿಗುವ ದೊಡ್ಡ ಬದಲಾವಣೆ ಇದು. ನೇರ ಮೇಲಕ್ಕೆ ಎಳೆಯುವ ಡ್ಯಾಗರ್‌ಬೋರ್ಡಿಗೆ ಈ ಲೆಕ್ಕ ನಡೆಯುವುದಿಲ್ಲ.

ಇನ್ನೊಂದು ಬಗೆಯ ಭಾರವಿದೆ, ಅದು ವೆದರ್ ಹೆಲ್ಮ್ ಅಲ್ಲವೇ ಅಲ್ಲ. ನಮ್ಮ ಹಿನ್ನೀರುಗಳಲ್ಲಿ ದಡದ ಹತ್ತಿರ ಮುಳುಗಿದ ಮರದ ಬೊಡ್ಡೆ, ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಪಾಳು ಚರ್ಚಿನ ಬಳಿಯಾದರೆ ನೀರಡಿಯ ಗೋಡೆ. ಅದಕ್ಕೇ ಮೇಲೇಳುವ ಚುಕ್ಕಾಣಿ ಬೇಕು. ಆದರೆ ತಳ ತಾಗಿ ಎದ್ದ ಬ್ಲೇಡು ಪೂರ್ತಿ ಕೆಳಗಿಳಿಯದೆ 10 ಡಿಗ್ರಿ ಹಿಂದಕ್ಕೆ ನಿಂತರೂ ದೋಣಿಯಲ್ಲಿ ಕೂತವರಿಗೆ ಕಾಣುವುದಿಲ್ಲ. 20 ಸೆಂ.ಮೀ. ಅಗಲದ ನೆಟ್ಟಗಿನ ಬ್ಲೇಡಿನಲ್ಲಿ ನೀರಿನ ಒತ್ತಡ ಮುಂಚೂಣಿ ಅಂಚಿನಿಂದ ಸುಮಾರು 5 ಸೆಂ.ಮೀ. ಹಿಂದೆ ಬೀಳುತ್ತದೆ. ಬ್ಲೇಡಿನ ಬೋಲ್ಟಿನಿಂದ 35 ಸೆಂ.ಮೀ. ಕೆಳಗೆ ಅಳೆದರೆ, ಆ 10 ಡಿಗ್ರಿ ಇನ್ನೂ 6 ಸೆಂ.ಮೀ. ಸೇರಿಸುತ್ತದೆ. ಚುಕ್ಕಾಣಿ ತಿರುಗುವ ಕೀಲು ಮುಂಚೂಣಿ ಅಂಚಿನ ನೇರಕ್ಕಿದ್ದರೆ ಕೈಗೆ ಬರುವ ಭಾರ ಎರಡು ಪಟ್ಟಿಗೂ ಹೆಚ್ಚು! ಇಲ್ಲಿ ಗುರುತು ಸುಲಭ: ಟಿಲ್ಲರ್ ಒಳಗಿನ ಟೇಪಿನ ಆಸುಪಾಸಿನಲ್ಲೇ ಇದೆ, ಆದರೂ ತೋಳು ನೋಯುತ್ತದೆ. ಬ್ಲೇಡನ್ನು ಪೂರ್ತಿ ಇಳಿಸಿ, ಇಳಿಸುವ ಹಗ್ಗವನ್ನು ಬಿಗಿದು ಕ್ಲೀಟಿಗೆ ಕಚ್ಚಿಸಿ. ಹಿಗ್ಗುವ ನೈಲಾನ್ ಹಗ್ಗವಿದ್ದರೆ ಬದಲಿಸಿ.

ಮಾಸ್ಟ್ ಮುಟ್ಟುವುದು ಇಷ್ಟೆಲ್ಲ ಆದಮೇಲೆ. ಮೇನ್ ಹಾಯಿ ಏರಿಸುವ ಹಗ್ಗಕ್ಕೆ ಅಳತೆ ಟೇಪ್ ಕಟ್ಟಿ ತುದಿಗೇರಿಸಿ, ಹಿಂಬದಿ ಹಲಗೆಯ ಮೇಲಂಚಿಗೆ ಎಷ್ಟಿದೆ ಎಂದು ಬರೆದಿಡಿ. ವೆದರ್ ಹೆಲ್ಮ್ ಹೆಚ್ಚಿದ್ದರೆ ಮಾಸ್ಟನ್ನು ಮುಂದಿನಿಂದ ಹಿಡಿದ ತಂತಿಯನ್ನು ಒಂದೇ ರಂಧ್ರದಷ್ಟು ಗಿಡ್ಡ ಮಾಡಿ, ಪಕ್ಕದ ತಂತಿಗಳನ್ನು ಹೊಂದಿಸಿ, ಅಂಥದೇ ಗಾಳಿಯಲ್ಲಿ ಮತ್ತೆ ಪರೀಕ್ಷಿಸಿ.