ಬುಲ್‌ಪೆನ್‌ನಲ್ಲಿ ಎಸೆದದ್ದನ್ನು ಎಣಿಸೋರು ಯಾರು?

2025ರ ಅಕ್ಟೋಬರ್ 28, ಮಂಗಳವಾರ. ನ್ಯೂಜೆರ್ಸಿಯ ನಮ್ಮ ಫಿಸಿಯೋಥೆರಪಿ ಕ್ಲಿನಿಕ್‌ಗೆ ಅವತ್ತು ಬಂದವರಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಹಿಂದಿನ ರಾತ್ರಿ ಲಾಸ್ ಏಂಜಲೀಸ್‌ನಲ್ಲಿ ಡಾಡ್ಜರ್ಸ್ ಮತ್ತು ಟೊರಾಂಟೊ ಬ್ಲೂ ಜೇಸ್ ನಡುವೆ ವರ್ಲ್ಡ್ ಸೀರೀಸ್‌ನ, ಅಂದರೆ ಬೇಸ್‌ಬಾಲ್‌ನ ಫೈನಲ್ ಸರಣಿಯ, ಮೂರನೇ ಪಂದ್ಯ. ಒಂಬತ್ತು ಇನ್ನಿಂಗ್ಸ್‌ಗೆ ಮುಗಿಯಬೇಕಾದ ಆಟ ಹದಿನೆಂಟಕ್ಕೆ ಹೋಯಿತು. ಫ್ರೆಡಿ ಫ್ರೀಮನ್ ಹೋಮ್ ರನ್ ಹೊಡೆದು ಮುಗಿಸಿದಾಗ ನಮ್ಮ ಕಡೆ ಬೆಳಗಿನ ಜಾವ ಮೂರಕ್ಕೆ ಹತ್ತು ನಿಮಿಷ ಇತ್ತು.

ನನ್ನ ಟೇಬಲ್ ಮೇಲೆ ಹದಿನೈದು ವರ್ಷದ ಹುಡುಗ. ಪಿಚರ್, ಅಂದರೆ ಬೇಸ್‌ಬಾಲ್‌ನ ಬೌಲರ್. ಮೊಣಕೈ ಒಳಮಗ್ಗುಲಲ್ಲಿ ನೋವು. ಪಕ್ಕದ ಕುರ್ಚಿಯಲ್ಲಿ ಅವನಪ್ಪ. ತುಮಕೂರಿನವರು, ಕಾಲೇಜಿನ ದಿನಗಳಲ್ಲಿ ಫಾಸ್ಟ್ ಬೌಲರ್. ಆಚೆ ಸೈಕಲ್ ತುಳಿಯುತ್ತಿದ್ದವರು ಮಂಡಿ ಆಪರೇಷನ್ ಆದ ಒಬ್ಬ ಅಜ್ಜ, ಹುಟ್ಟಾ ನ್ಯೂಯಾರ್ಕ್ ಮೆಟ್ಸ್ ತಂಡದ ಅಭಿಮಾನಿ. ಇಬ್ಬರಿಗೂ ವಾದ ಹತ್ತಿಕೊಂಡಿತ್ತು. ಡಾಡ್ಜರ್ಸ್ ಬುಲ್‌ಪೆನ್‌ನಲ್ಲಿ ಕೊನೆಗೆ ಉಳಿದ ವಿಲ್ ಕ್ಲೈನ್ ಕೈಲಿ ನಾಲ್ಕು ಇನ್ನಿಂಗ್ಸ್, 72 ಎಸೆತ ಎಸೆಸಿದ್ದು ಸರಿಯಾ? ಎರಡೇ ದಿನದ ಹಿಂದೆ 105 ಎಸೆದು ಪೂರ್ತಿ ಪಂದ್ಯ ಮುಗಿಸಿದ್ದ ಯೋಶಿನೋಬು ಯಮಮೋಟೊನನ್ನು ಹದಿನೆಂಟನೇ ಇನ್ನಿಂಗ್ಸ್‌ನಲ್ಲಿ ಬುಲ್‌ಪೆನ್‌ಗೆ ಓಡಿಸಿದ್ದು ಸರಿಯಾ?

"ಮೇಡಂ, ನೀವೇ ಹೇಳಿ. ಅವನು ಆಡಲೇ ಇಲ್ಲವಲ್ಲ, ಸುಮ್ನೆ ವಾರ್ಮ್ ಅಪ್ ಮಾಡಿದ ಅಷ್ಟೇ," ಅಂದರು ಅಪ್ಪ.

ಆ "ಸುಮ್ನೆ" ಅನ್ನೋ ಮಾತಿಗಾಗಿಯೇ ಈ ಅಂಕಣ.

ಬೇಸ್‌ಬಾಲ್ ಅಷ್ಟಾಗಿ ನೋಡದವರಿಗೆ ಎರಡು ಮಾತು. ಕ್ರಿಕೆಟ್‌ನಲ್ಲಿ ಕ್ಯಾಪ್ಟನ್ ಒಬ್ಬ ಬೌಲರ್‌ಗೆ ನಾಲ್ಕು ಓವರ್ ಕೊಟ್ಟು ಫೈನ್ ಲೆಗ್‌ಗೆ ಕಳಿಸಬಹುದು, ಸಂಜೆ ಮತ್ತೆ ಕರೆಯಬಹುದು. ಬೇಸ್‌ಬಾಲ್‌ನಲ್ಲಿ ಆಟದಿಂದ ಹೊರಗೆ ಕರೆದ ಪಿಚರ್ ಆ ಪಂದ್ಯಕ್ಕೆ ವಾಪಸ್ ಬರೋ ಹಾಗಿಲ್ಲ. ಹಾಗಾಗಿ ಒಬ್ಬನನ್ನು ತೆಗೆಯೋದು ಅಂದರೆ ಒಂದು ಬಾಗಿಲು ಮುಚ್ಚಿದ ಹಾಗೆ. ಬದಲಿ ಪಿಚರ್‌ಗಳು, ಅಂದರೆ ರಿಲೀವರ್‌ಗಳು, ಕೂತು ಕಾಯುವ ಮತ್ತು ಕೈ ಬಿಸಿ ಮಾಡಿಕೊಳ್ಳುವ ಜಾಗವೇ ಬುಲ್‌ಪೆನ್. ಡಗ್‌ಔಟ್‌ನಿಂದ ಅಲ್ಲಿಗೆ ಒಂದು ಫೋನ್ ಇರುತ್ತದೆ. ಮ್ಯಾನೇಜರ್ ಕಡೆಯವರು ಹೆಸರು ಹೇಳುತ್ತಾರೆ, ಹೇಳಿದವನು ಎದ್ದು ಎಸೆಯಲು ಶುರು ಮಾಡುತ್ತಾನೆ. (ಈ ಫೋನ್‌ದೂ ಒಂದು ಕಥೆ. 2011ರ ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಮ್ಯಾನೇಜರ್ ಟೋನಿ ಲಾ ರೂಸಾ ಕೇಳಿದ್ದು ಜೇಸನ್ ಮಾಟ್‌ನನ್ನು. ಗಲಾಟೆಯಲ್ಲಿ ಆ ಕಡೆ ಕೇಳಿಸಿದ್ದು ಲ್ಯಾನ್ಸ್ ಲಿನ್ ಅಂತ. ಅವತ್ತು ಎಸೆಯಲೇಬಾರದು ಅಂತಿದ್ದ ಲಿನ್ ಮೈದಾನಕ್ಕೆ ನಡೆದು ಬಂದಾಗ ಲಾ ರೂಸಾ ಮುಖ ನೋಡಬೇಕಿತ್ತು.)

ಈಗ ಯಮಮೋಟೊ ವಿಷಯಕ್ಕೆ ಬನ್ನಿ. ಅವತ್ತು ರಾತ್ರಿ ಅವನು ಬುಲ್‌ಪೆನ್‌ನಲ್ಲಿ ಎಸೆದದ್ದು ಪಂದ್ಯದ ಯಾವ ಸ್ಕೋರ್‌ಕಾರ್ಡ್‌ನಲ್ಲೂ ಇಲ್ಲ. ಅವನ ಹೆಸರಿನ ಮುಂದೆ ಆ ಪಂದ್ಯಕ್ಕೆ ಏನೂ ಇಲ್ಲ. ಮೊಣಕೈಗೆ ಮಾತ್ರ ಅದು ಗೊತ್ತು.

ಮೊಣಕೈ ಒಳಮಗ್ಗುಲಲ್ಲಿ ಕಿರುಬೆರಳಿನ ಅರ್ಧದಷ್ಟು ಉದ್ದದ ಒಂದು ಪಟ್ಟಿ ಇದೆ. ಮೇಲ್ತೋಳಿನ ಮೂಳೆಯನ್ನೂ ಮುಂದೋಳಿನ ಮೂಳೆಯನ್ನೂ ಹಿಡಿದಿಡುವ ಲಿಗಮೆಂಟ್, ಡಾಕ್ಟರ್‌ಗಳ ಭಾಷೆಯಲ್ಲಿ ಯುಸಿಎಲ್. ಪಿಚರ್ ತೋಳನ್ನು ಹಿಂದಕ್ಕೆ ಬಗ್ಗಿಸಿ ಮುಂದಕ್ಕೆ ಬೀಸುವ ಆ ಕ್ಷಣದಲ್ಲಿ ಮುಂದೋಳು ಹಿಂದೆಯೇ ಉಳಿಯುತ್ತದೆ, ಮೇಲ್ತೋಳು ಮುಂದೆ ಹೊರಟುಬಿಟ್ಟಿರುತ್ತದೆ. ಭುಜ ತಿರುಗುವ ವೇಗ ಸೆಕೆಂಡಿಗೆ ಸುಮಾರು 7000 ಡಿಗ್ರಿ. ಆಗ ಮೊಣಕೈ ಮೇಲೆ ಬೀಳುವ ತಿರುಚು ಬಲ 64 ನ್ಯೂಟನ್ ಮೀಟರ್‌ನಷ್ಟು ಅಂತ ಅಲಬಾಮಾದ ಗ್ಲೆನ್ ಫ್ಲೈಸಿಗ್ ತಂಡ 1995ರಲ್ಲೇ ಅಳೆದಿತ್ತು. ಮನೆ ಲೆಕ್ಕದಲ್ಲಿ ಹೇಳೋದಾದರೆ, ಮೊಣಕೈ ಮಡಚಿ, ಅಂಗೈಗೆ ಹತ್ತಿರ ಹತ್ತಿರ ಇಪ್ಪತ್ತು ಕಿಲೋ ಅಕ್ಕಿ ಮೂಟೆ ಕಟ್ಟಿ ಹೊರಮಗ್ಗುಲಿಗೆ ಜಗ್ಗಿದ ಹಾಗೆ. ಮೃತದೇಹಗಳ ಮೇಲೆ ಮಾಡಿದ ಪರೀಕ್ಷೆಗಳಲ್ಲಿ ಈ ಲಿಗಮೆಂಟ್ ಒಂದೇ ಆದರೆ ಅದರ ಅರ್ಧದಷ್ಟು ಬಲಕ್ಕೇ ಹರಿಯುತ್ತದೆ.

ಹಾಗಾದರೆ ಪ್ರತಿ ಎಸೆತಕ್ಕೂ ಯಾಕೆ ಹರಿಯಲ್ಲ? ಮುಂದೋಳಿನ ಒಳಬದಿಯ ಮಾಂಸಖಂಡಗಳು ಹೆಗಲು ಕೊಡುತ್ತವೆ, ಅದಕ್ಕೆ. ಬೆರಳು ಮಡಚುವ, ಮಣಿಕಟ್ಟು ತಿರುಗಿಸುವ ಖಂಡಗಳು ಅವು. ಅವು ಗಟ್ಟಿಯಾಗಿ ಹಿಡಿದಾಗ ಲಿಗಮೆಂಟ್ ಮೇಲಿನ ಹೊರೆ ಹಂಚಿಹೋಗುತ್ತದೆ. ಅವು ಸುಸ್ತಾದರೆ? ಹೊರೆ ಅಷ್ಟೇ ಇರುತ್ತದೆ, ಹೊರುವವನು ಒಬ್ಬನೇ ಆಗುತ್ತಾನೆ. "ಮುಂದೋಳು ಬಿಗಿಯಾಗಿದೆ, ಸದ್ಯಕ್ಕೆ ವಿಶ್ರಾಂತಿ" ಅಂತ ತಂಡದವರು ಒಂದು ಸಾಲಿನ ಪ್ರಕಟಣೆ ಕೊಟ್ಟರೆ ಅಭಿಮಾನಿಗಳ ಜೀವ ಬಾಯಿಗೆ ಬರೋದು ಇದಕ್ಕೇ. ಭಯಪಡೋದು ತಪ್ಪಲ್ಲ. ಸಲ ಸಲವೂ ಲಿಗಮೆಂಟ್ ಹರಿದಿರೋದಿಲ್ಲ, ನಿಜ. ಆದರೆ ಬಿಗಿತ ಅನ್ನೋದು ಎಷ್ಟೋ ಸಲ ಆ ಹೊರೆ ಹೊತ್ತವನು ಕೂಗಿದ ಮೊದಲ ಕೂಗು.

ಆ ಹುಡುಗನ ಮುಂದೋಳು ಒತ್ತಿದಾಗಲೂ ಹೀಗೇ ಇತ್ತು, ಒಣಗಿದ ಹಗ್ಗದ ಹಾಗೆ. ಮೂಳೆಯ ಹತ್ತಿರ ಹೆಬ್ಬೆರಳು ಇಟ್ಟ ಕೂಡಲೇ ಕೈ ಎಳೆದುಕೊಂಡ. ಮೊಣಕೈಯನ್ನು ಮೆಲ್ಲಗೆ ಹೊರಕ್ಕೆ ಒತ್ತಿ ನೋಡಿದೆ. ನೋವಿತ್ತು, ಆದರೆ ಸಂದು ಬಾಯಿ ಬಿಡಲಿಲ್ಲ. ಸಮಾಧಾನವಾಯಿತು. ಎಂಆರ್‌ಐನಲ್ಲೂ ಲಿಗಮೆಂಟ್ ಇಡಿಯಾಗಿಯೇ ಇತ್ತು.

"ಎಷ್ಟು ಎಸೀತೀಯಪ್ಪ?" ಅಂದೆ.

"ಲಿಮಿಟ್ ಒಳಗೇ ಇದೆ ಆಂಟಿ. ಶನಿವಾರ ಎಪ್ಪತ್ತು."

ಎಪ್ಪತ್ತು ಅನ್ನೋದು ಲಿಮಿಟ್ ಒಳಗೇ, ಹೌದು. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಮಾಡಿದ ಪಿಚ್ ಸ್ಮಾರ್ಟ್ ಸೂಚಿಯ ಪ್ರಕಾರ 15–16 ವಯಸ್ಸಿಗೆ ದಿನಕ್ಕೆ ಹೆಚ್ಚೆಂದರೆ 95. ಆದರೆ ಎಪ್ಪತ್ತು ಎಸೆದರೆ ಮೂರು ದಿನ ಬಿಡುವು ಬೇಕು. ಇವನು ಭಾನುವಾರ ಇನ್ನೊಂದು ತಂಡಕ್ಕೆ ನಲವತ್ತು ಎಸೆದಿದ್ದ. ಪಿಚಿಂಗ್ ಮುಗಿಸಿ ಅದೇ ಪಂದ್ಯದಲ್ಲಿ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಆಗಿಯೂ ಕೂತಿದ್ದ. ಕ್ಯಾಚರ್ ಪ್ರತಿ ಚೆಂಡನ್ನೂ ವಾಪಸ್ ಎಸೆಯಬೇಕು, ಅದೂ ಸೂಚಿಯಲ್ಲಿ ಬೇಡ ಅಂತಲೇ ಇದೆ. ಒಬ್ಬ ಕೋಚ್ ಹತ್ತಿರ ಎಪ್ಪತ್ತರ ಲೆಕ್ಕ, ಇನ್ನೊಬ್ಬರ ಹತ್ತಿರ ನಲವತ್ತರ ಲೆಕ್ಕ. ಎರಡನ್ನೂ ಕೂಡಿಸಿದವರು ಯಾರೂ ಇಲ್ಲ.

ಇನ್ನು ವಾರ್ಮ್ ಅಪ್. ಫ್ಲೋರಿಡಾದ ಹೈಸ್ಕೂಲ್ ಪಿಚರ್‌ಗಳ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ತುಂಬ ಇಷ್ಟ. ಯಾಕೆ ಅಂದರೆ ಅದರಲ್ಲಿ ದೊಡ್ಡ ಯಂತ್ರ ಗಿಂತ್ರ ಏನೂ ಇಲ್ಲ, ಬರೀ ಕೂತು ಎಣಿಸಿದ್ದಾರೆ. ಪಂದ್ಯದ ದಿನ ಪಿಚರ್ ಎಸೆದ ಎಸೆತಗಳಲ್ಲಿ ಶೇ 42ರಷ್ಟು ಅಧಿಕೃತ ಲೆಕ್ಕಕ್ಕೆ ಬಂದೇ ಇರಲಿಲ್ಲ. ಬುಲ್‌ಪೆನ್‌ನಲ್ಲಿ ಎಸೆದದ್ದು, ಇನ್ನಿಂಗ್ಸ್ ಮಧ್ಯೆ ಎಸೆದದ್ದು. ಬ್ಯಾಟರ್‌ಗೆ ಎಸೆದದ್ದು ಸರಾಸರಿ 69 ಆದರೆ ತೋಳು ಎಸೆದದ್ದು 120ರ ಹತ್ತಿರ.

ಮೇಜರ್ ಲೀಗ್‌ನ ರಿಲೀವರ್‌ಗಳ ಗೋಳು ಇದಕ್ಕಿಂತ ದೊಡ್ಡದು. ಫೋನ್ ಬರುತ್ತದೆ, ಎದ್ದು ಇಪ್ಪತ್ತು ಎಸೆಯುತ್ತಾನೆ ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ಇನ್ನಿಂಗ್ಸ್ ಮುಗಿಯಿತು, ಕೂತ. ಮೈ ಆರಿತು. ಮತ್ತೆ ಫೋನ್, ಮತ್ತೆ ಎದ್ದ. ಕೊನೆಗೆ ಕರೆಯಲೇ ಇಲ್ಲ. ಮಾರನೇ ದಿನ ಟಿವಿಯಲ್ಲಿ "ನಿನ್ನೆ ಪೂರ್ತಿ ವಿಶ್ರಾಂತಿ, ಇವತ್ತು ಫ್ರೆಶ್" ಅಂತಾರೆ. 2006ರಲ್ಲಿ ಯಾಂಕೀಸ್‌ನ ಸ್ಕಾಟ್ ಪ್ರಾಕ್ಟರ್ 83 ಪಂದ್ಯಗಳಲ್ಲಿ 102 ಇನ್ನಿಂಗ್ಸ್‌ಗೂ ಜಾಸ್ತಿ ಎಸೆದ. ಎದ್ದು ಕೂತದ್ದು ಎಷ್ಟು ಸಲವೋ. 2007ರಲ್ಲಿ ಒಂದು ಕೆಟ್ಟ ಪಂದ್ಯ ಆದ ಮೇಲೆ ಮೈದಾನದಲ್ಲೇ ತನ್ನ ಆಟದ ಸಾಮಾನಿಗೆ ಬೆಂಕಿ ಇಟ್ಟ. 2009ರಲ್ಲಿ ಮೊಣಕೈ ಆಪರೇಷನ್. ಬೆಂಕಿ ಕಥೆ ಹೇಳಿ ಜನ ಇವತ್ತಿಗೂ ನಗುತ್ತಾರೆ. ನನಗೆ ನಗು ಬರಲ್ಲ.

ಅಭಿಮಾನಿಗಳ ಮಾತು ಕೇಳಿದರೆ ಇವು ಎರಡು ಬೇರೆ ಬೇರೆ ಜಗಳ ಅನ್ನಿಸುತ್ತದೆ. ಒಂದು, ಅವನನ್ನು ಯಾಕೆ ತೆಗೆದರು, ಯಾಕೆ ಬಿಟ್ಟರು ಅನ್ನೋದು. ಇನ್ನೊಂದು, ನಮ್ಮ ಸ್ಟಾರ್ ಕೈ ಯಾಕೆ ಕೆಟ್ಟಿತು ಅನ್ನೋದು. ನನ್ನ ಟೇಬಲ್ ಕಡೆಯಿಂದ ನೋಡಿದರೆ ಎರಡೂ ಒಂದೇ ಜಗಳ. ಸ್ಟಾರ್ಟರ್‌ನನ್ನು, ಅಂದರೆ ಪಂದ್ಯ ಶುರು ಮಾಡಿದ ಪಿಚರ್‌ನನ್ನು, ಐದನೇ ಇನ್ನಿಂಗ್ಸ್‌ಗೇ ತೆಗೆದರೆ ಉಳಿದ ನಾಲ್ಕನ್ನು ಯಾರೋ ಎಸೆಯಲೇಬೇಕಲ್ಲ. ಒಂದು ತೋಳು ಉಳಿಸಿದ ದಿನ ಬೇರೆ ಮೂರು ತೋಳು ಖರ್ಚಾಗುತ್ತವೆ.

ಸೈಕಲ್ ಮೇಲಿದ್ದ ಅಜ್ಜನಿಗೆ 2015ರ ನವೆಂಬರ್ 1 ಇನ್ನೂ ಮರೆತಿಲ್ಲ. ವರ್ಲ್ಡ್ ಸೀರೀಸ್ ಐದನೇ ಪಂದ್ಯ, ನ್ಯೂಯಾರ್ಕಿನ ಸಿಟಿ ಫೀಲ್ಡ್. ಮೆಟ್ಸ್‌ನ ಮ್ಯಾಟ್ ಹಾರ್ವಿ ಎಂಟು ಇನ್ನಿಂಗ್ಸ್‌ನಲ್ಲಿ ಕಾನ್ಸಾಸ್ ಸಿಟಿ ರಾಯಲ್ಸ್‌ಗೆ ಒಂದು ರನ್ನೂ ಕೊಟ್ಟಿರಲಿಲ್ಲ. 102 ಎಸೆತ ಆಗಿತ್ತು, 2–0 ಮುನ್ನಡೆ. ಮ್ಯಾನೇಜರ್ ಟೆರಿ ಕಾಲಿನ್ಸ್ ಸಾಕು ಅಂದರು. ಹಾರ್ವಿ ಒಪ್ಪಲಿಲ್ಲ, ಡಗ್‌ಔಟ್‌ನಲ್ಲೇ ನಿಂತು ಪಟ್ಟು ಹಿಡಿದ. ಕಾಲಿನ್ಸ್ ಕರಗಿದರು. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಒಂದು ವಾಕ್, ಒಂದು ಡಬಲ್, 2–1. ಆಮೇಲೆ ಬಂದ ಕ್ಲೋಸರ್ (ಪಂದ್ಯ ಮುಗಿಸೋಕೆ ಬರುವ ರಿಲೀವರ್) ಫಮಿಲಿಯಾ ಎಸೆಯುವಾಗ 2–2. ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ 7–2ಕ್ಕೆ ಸೋಲು, ಸೀರೀಸ್ ಕೂಡ ಹೋಯಿತು. ಇದು ಬಿಟ್ಟದ್ದಕ್ಕೆ ಬೈಗುಳ. ಐದು ವರ್ಷ ಕಳೆದು 2020ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯದಲ್ಲಿ ಟ್ಯಾಂಪಾ ಬೇ ರೇಸ್‌ನ ಬ್ಲೇಕ್ ಸ್ನೆಲ್ ಬರೀ 73 ಎಸೆತಕ್ಕೆ ಒಂಬತ್ತು ಜನರನ್ನು ಸ್ಟ್ರೈಕ್‌ಔಟ್ ಮಾಡಿ (ಚೆಂಡು ಹೊಡೆಯೋಕೇ ಬಿಡದೆ ಔಟ್ ಮಾಡಿ) 1–0 ಮುಂದಿದ್ದಾಗ ಮ್ಯಾನೇಜರ್ ಕೆವಿನ್ ಕ್ಯಾಶ್ ತೆಗೆದುಬಿಟ್ಟರು. ಅದೇ ಇನ್ನಿಂಗ್ಸ್‌ನಲ್ಲಿ ಮುನ್ನಡೆ ಕೈಬಿಟ್ಟಿತು, ಡಾಡ್ಜರ್ಸ್ ಚಾಂಪಿಯನ್ ಆದರು. ಅದು ತೆಗೆದದ್ದಕ್ಕೆ ಬೈಗುಳ.

ಸ್ನೆಲ್ ವಿಷಯದಲ್ಲಿ ನಾನು ಅಭಿಮಾನಿಗಳ ಕಡೆ. ಒಬ್ಬನೇ ಪಿಚರ್‌ನನ್ನು ಮೂರನೇ ಸಲ ಎದುರಿಸುವಾಗ ಬ್ಯಾಟರ್‌ಗಳು ಚೆನ್ನಾಗಿ ಹೊಡೆಯುತ್ತಾರೆ ಅನ್ನೋ ಅಂಕಿಅಂಶ ಸುಳ್ಳಲ್ಲ. ಆದರೆ ಮುಂದೆ ಬರಬೇಕಿದ್ದ ಮೂವರೂ ಅವತ್ತು ಸ್ನೆಲ್ ಎದುರು ತಲಾ ಎರಡು ಸಲ ಸ್ಟ್ರೈಕ್‌ಔಟ್ ಆಗಿದ್ದರು. ಬದಲಿಗೆ ಬಂದ ನಿಕ್ ಆ್ಯಂಡರ್ಸನ್‌ನ ತೋಳು ಆ ಹೊತ್ತಿಗೆ ಹಿಂಡಿ ಒಣಗಿಸಿದ ಬಟ್ಟೆ. ಸರಾಸರಿ ಅನ್ನೋದು ಎಲ್ಲರದ್ದು, ಸುಸ್ತು ಒಬ್ಬೊಬ್ಬರದ್ದು.

ಹಾರ್ವಿ ವಿಷಯ ಅಷ್ಟು ಸುಲಭ ಅಲ್ಲ. 2013ರಲ್ಲಿ ಮೊಣಕೈ ಆಪರೇಷನ್ ಆಗಿ ವಾಪಸ್ ಬಂದ ಮೊದಲ ಸೀಸನ್ ಅದು. 180 ಇನ್ನಿಂಗ್ಸ್‌ಗೆ ನಿಲ್ಲಿಸಬೇಕು ಅಂತ ಏಜೆಂಟ್ ಸ್ಕಾಟ್ ಬೋರಸ್ ಸೆಪ್ಟೆಂಬರ್‌ನಲ್ಲಿ ಗಲಾಟೆ ಎಬ್ಬಿಸಿದಾಗ ಇದೇ ಅಭಿಮಾನಿಗಳು ಹಾರ್ವಿಯನ್ನು ಸ್ವಾರ್ಥಿ ಅಂದರು. ಕೊನೆಗೆ ಅವನು ಎಸೆದದ್ದು ಒಟ್ಟು 216. ಮರುವರ್ಷ ಜುಲೈನಲ್ಲಿ ಭುಜದ ಹತ್ತಿರ ನರ ಒತ್ತಿಕೊಂಡು ಇನ್ನೊಂದು ಆಪರೇಷನ್. ಆ ಮೊದಲಿನ ಹಾರ್ವಿ ಮತ್ತೆ ಬರಲಿಲ್ಲ. ಇದೇ ಕಾರಣ ಅಂತ ಬೆರಳು ಮಾಡಿ ತೋರಿಸೋಕೆ ಆಗಲ್ಲ. ಕಡಿಮೆ ಎಸೆಸಿದರೆ ಉಳಿಯುತ್ತಾರೆ ಅನ್ನೋದಕ್ಕೂ ಖಾತ್ರಿ ಇಲ್ಲ. ವಾಷಿಂಗ್ಟನ್‌ನವರು 2012ರಲ್ಲಿ ಸ್ಟೀಫನ್ ಸ್ಟ್ರಾಸ್‌ಬರ್ಗ್‌ನನ್ನು 159 ಇನ್ನಿಂಗ್ಸ್‌ಗೆ ಕೂರಿಸಿ ಉಗಿಸಿಕೊಂಡರು. ಅವನು 2019ರಲ್ಲಿ ಅದೇ ತಂಡಕ್ಕೆ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟ. ಆಮೇಲೆ 24.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು ಬರೀ ಎಂಟು ಪಂದ್ಯ ಎಸೆದ.

"ಆಪರೇಷನ್ ಮಾಡಿಸಿದರೆ ಮೊದಲಿಗಿಂತ ಜೋರಾಗಿ ಎಸೀತಾರಂತೆ ಹೌದಾ ಮೇಡಂ?" ಅಪ್ಪ ಮೆಲ್ಲಗೆ ಕೇಳಿದರು. ಇದನ್ನು ಕೇಳದ ಅಪ್ಪಂದಿರು ಕಡಿಮೆ. ಅವರ ತಪ್ಪಲ್ಲ, ಈ ಆಪರೇಷನ್‌ಗೆ ಹೆಸರು ಕೊಟ್ಟ ಎಡಗೈ ಪಿಚರ್ ಟಾಮಿ ಜಾನ್ ಕಥೆಯೇ ಹಾಗಿದೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವನ ಬಲ ಮುಂದೋಳಿನಿಂದ ಒಂದು ಟೆಂಡನ್ ತೆಗೆದು ಎಡ ಮೊಣಕೈಗೆ ಕಟ್ಟಿದರು. ಹೆಬ್ಬೆರಳಿಗೆ ಕಿರುಬೆರಳು ತಾಗಿಸಿ ಮಣಿಕಟ್ಟು ಮಡಚಿ ನೋಡಿ, ನಡುವೆ ದಾರದ ಹಾಗೆ ಎದ್ದು ನಿಲ್ಲುತ್ತದಲ್ಲ, ಅದೇ. ಕೆಲವರಿಗೆ ಹುಟ್ಟಿನಿಂದಲೇ ಇರಲ್ಲ, ಇಲ್ಲದಿದ್ದರೂ ಏನೂ ನಷ್ಟವಿಲ್ಲ. ನೂರಕ್ಕೆ ಒಂದು ಪಾಲು ಆಸೆ ಇದೆ ಅಂದಿದ್ದರು ಜೋಬ್. ಜಾನ್ 1976ಕ್ಕೆ ವಾಪಸ್ ಬಂದು, 1989ರವರೆಗೆ ಆಡಿ, ಇನ್ನೂ 164 ಪಂದ್ಯ ಗೆದ್ದ. ಇಂಥ ಕಥೆ ಕೇಳಿದ ಮೇಲೆ ಆಪರೇಷನ್ ಅಂದರೆ ವರ ಅನ್ನಿಸದೆ ಇರುತ್ತಾ? ನಾನು ಅವರಿಗೆ ಪಿಚರ್ ಜೇಕಬ್ ಡಿಗ್ರಾಮ್ ಹೆಸರು ಹೇಳಿದೆ. 2010ರಲ್ಲಿ ಒಂದು ಆಪರೇಷನ್, 2023ರಲ್ಲಿ ಇನ್ನೊಂದು. ಜೋರಾಗುತ್ತಾರೆ ಅಂತ ಕಾಣೋದು ವರ್ಷಗಟ್ಟಲೆ ಬಿಡುವು ಮತ್ತು ಕಾಲು, ಸೊಂಟದ ವ್ಯಾಯಾಮದಿಂದ. ಹೊಸ ಟೆಂಡನ್‌ನಲ್ಲಿ ಮಂತ್ರ ಇಲ್ಲ.

ಜೋರು ಅನ್ನೋದೇ ಈಗಿನ ಕಾಯಿಲೆ. ಮೇಜರ್ ಲೀಗ್‌ನಲ್ಲಿ ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ ಗಂಟೆಗೆ 91.3 ಮೈಲಿ ಇದ್ದದ್ದು 2024ಕ್ಕೆ 94.2 ಆಗಿದೆ. ಪ್ರತಿ ಎಸೆತಕ್ಕೂ ಪೂರ್ತಿ ಬಲ ಹಾಕುವ ಈ ಓಟವೇ ಗಾಯಗಳ ದೊಡ್ಡ ಕಾರಣ ಅಂತ ಲೀಗ್ ತಾನೇ ಮಾಡಿಸಿದ ವರದಿಯಲ್ಲಿ 2024ರ ಡಿಸೆಂಬರ್‌ನಲ್ಲಿ ಹೇಳಿತು. ಅಪ್ಪನಿಗೆ ಇದು ಬೇಗ ಅರ್ಥವಾಯಿತು. 1997ರಲ್ಲಿ ನಮ್ಮ ಜಾವಗಲ್ ಶ್ರೀನಾಥ್ ಅವರ ಭುಜ ಕೈಕೊಟ್ಟಾಗ ರೊಟೇಟರ್ ಕಫ್ ಅನ್ನೋ ಪದ ತುಮಕೂರಿನ ಟೀ ಅಂಗಡಿಗೂ ಬಂದಿತ್ತಂತೆ.

ಪಿಚರ್ ಹುಡುಗರಿಗೆ ನಾನು ಕೇಳುವ ಮುಖ್ಯ ಪ್ರಶ್ನೆ, "ಸುಸ್ತಾದ ಮೇಲೂ ಎಸೀತೀಯಾ?" ಅಂತ. 2006ರಲ್ಲಿ ಫ್ಲೈಸಿಗ್ ಅವರಿದ್ದ ತಂಡವೇ ಆಪರೇಷನ್ ಆದ ಹುಡುಗರನ್ನೂ ಆರೋಗ್ಯವಾಗಿದ್ದವರನ್ನೂ ಹೋಲಿಸಿ ನೋಡಿತ್ತು. ತೋಳು ದಣಿದಿದ್ದರೂ ಎಸೆಯುವುದೇ ರೂಢಿಯಾದವರಿಗೆ ಅಪಾಯ 36 ಪಟ್ಟು. ಇವನು ಉತ್ತರ ಹೇಳದೆ ಅಪ್ಪನ ಮುಖ ನೋಡಿದ.

ಮುಂದಿನ ವಾರ ಬರುವಷ್ಟರಲ್ಲಿ ವರ್ಲ್ಡ್ ಸೀರೀಸ್ ಮುಗಿದಿತ್ತು. ಶುಕ್ರವಾರ 96 ಎಸೆದಿದ್ದ ಯಮಮೋಟೊ ಶನಿವಾರ ಏಳನೇ ಪಂದ್ಯಕ್ಕೆ ಬುಲ್‌ಪೆನ್‌ನಿಂದ ಬಂದು 34 ಎಸೆದು ಡಾಡ್ಜರ್ಸ್‌ನ ಗೆಲ್ಲಿಸಿದ್ದ. ವಾದ ಮಾಡಿದ್ದ ಇಬ್ಬರೂ ಈಗ ಒಂದೇ ಬಾಯಲ್ಲಿ ಹೊಗಳುತ್ತಿದ್ದರು.

"ನೋಡಿದ್ರಾ ಆಂಟಿ? ರೆಸ್ಟೇ ಬೇಡ," ಅಂದ ಹುಡುಗ.

"ಅವನಿಗೆ ಇಪ್ಪತ್ತೇಳು. ನಿನಗೆ ಹದಿನೈದು, ಮೂಳೆ ಇನ್ನೂ ಬೆಳೀತಿದೆ. ಅವನಿಗೆ ಅವತ್ತು ಸೀಸನ್ ಮುಗೀತು. ನಿನಗೆ ಶನಿವಾರ ಮತ್ತೆ ಮ್ಯಾಚ್ ಅಂತೀಯ."

ಒಂದು ನೋಟ್‌ಬುಕ್ ಕೊಟ್ಟೆ. ತೋಳಿಂದ ಹೊರಟ ಪ್ರತಿ ಚೆಂಡನ್ನೂ ಬರೆಯಬೇಕು ಅಂದೆ. ಪಂದ್ಯ, ವಾರ್ಮ್ ಅಪ್, ಬುಲ್‌ಪೆನ್, ಕ್ಯಾಚರ್ ಆಗಿ ಎಸೆದದ್ದು. ನೋವು ಬರೋ ಮೊದಲಿನ ಒಂದು ವಾರದ್ದನ್ನು ನೆನಪಿಸಿಕೊಂಡು ಈಗಲೇ ಬರಿ ಅಂದೆ.

ಅವನು ಪೆನ್ನು ಕಚ್ಚುತ್ತಾ ಕೇಳಿದ, "ಸಂಜೆ ಹಿತ್ತಲಲ್ಲಿ ಅಪ್ಪನ ಜೊತೆ ಎಸೆಯೋದು?"

"ಅದು ಸುಮ್ನೆ ಆಟ ಅಲ್ವಾ ಮೇಡಂ," ಅಂದರು ಅಪ್ಪ.

ಹುಡುಗ ಆಗಲೇ ಹೊಸ ಗೆರೆ ಎಳೆದು "ಹಿತ್ತಲು" ಅಂತ ಬರೆದಾಗಿತ್ತು. ಸೋಮವಾರ 40. ಮಂಗಳವಾರ 40. ಬುಧವಾರದ ಮುಂದೆ 50 ಬರೆದು, ಅಪ್ಪನ ಕಡೆ ತಿರುಗಿ, "ಐವತ್ತೇ ಅಲ್ವಾಪ್ಪಾ?" ಅಂದ.